ಲಕ್ಸೆಂಬರ್ಗ್: ಜನಸಂಖ್ಯೆಯ ರಚನೆ, ಪೌರತ್ವದ ನಿಯಮ ಮತ್ತು ಭಾಷೆ

ಬೆಲ್ಜಿಯಂ, ಫ್ರಾನ್ಸ್ ಮತ್ತು ಜರ್ಮನಿಗಳ ನಡುವಣ ಲಕ್ಸೆಂಬರ್ಗ್ 2,586 ಚದರ ಕಿಲೋಮೀಟರ್ ವಿಸ್ತೀರ್ಣದ ಪುಟ್ಟ ದೇಶ. 2024ರ ಆರಂಭದಲ್ಲಿ ಅಲ್ಲಿ ಸುಮಾರು 6,72,000 ಜನ ವಾಸವಾಗಿದ್ದರು. ಅವರಲ್ಲಿ ಶೇಕಡಾ 47ರಷ್ಟು ಮಂದಿ ಆ ದೇಶದ ಪೌರರಲ್ಲ. ರಾಜಧಾನಿಯಲ್ಲಂತೂ ಈ ಪ್ರಮಾಣ ಶೇಕಡಾ 70ರ ಆಸುಪಾಸಿನಲ್ಲಿದೆ. ವಲಸಿಗರು ಹೆಚ್ಚಾಗಿರುವ ಸಣ್ಣ ದೇಶಗಳು ಬೇರೆಯೂ ಇವೆ. ಆದರೆ ಭಾಷೆಯನ್ನು ಪೌರತ್ವದ ಹೊಸಿಲಾಗಿ ಇಟ್ಟುಕೊಂಡ ರೀತಿಯಿಂದಾಗಿ ಲಕ್ಸೆಂಬರ್ಗ್ ಭಾಷಾ ಅಲ್ಪಸಂಖ್ಯಾತರ ಅಧ್ಯಯನಕ್ಕೆ ವಿಶೇಷವಾಗಿ ಒದಗಿಬರುತ್ತದೆ. ಅಲ್ಲಿ ಪೌರನಾಗಲು ಆಡಬೇಕಾದ ಭಾಷೆ ಒಂದು, ಕಾನೂನು ರಚನೆಯಾಗುವ ಭಾಷೆ ಇನ್ನೊಂದು, ಮಗು ಅಕ್ಷರ ಕಲಿಯುತ್ತ ಬಂದ ಭಾಷೆ ಮತ್ತೊಂದು. ಹೊರಗಿನಿಂದ ಬಂದು ನೆಲೆಸಿದ ಕುಟುಂಬವೊಂದರ ಮನೆಮಾತು ಬಹುಮಟ್ಟಿಗೆ ಈ ಮೂರರಲ್ಲಿ ಯಾವುದೂ ಆಗಿರುವುದಿಲ್ಲ.

ಜನಸಂಖ್ಯೆ ಬೆಳೆದ ಬಗೆ

ಹತ್ತೊಂಬತ್ತನೆಯ ಶತಮಾನದ ಬಹುಭಾಗ ಲಕ್ಸೆಂಬರ್ಗ್ ಜನರನ್ನು ಹೊರಗೆ ಕಳುಹಿಸುತ್ತಿದ್ದ ಬಡ ಕೃಷಿಪ್ರಧಾನ ನಾಡಾಗಿತ್ತು. ಹಳ್ಳಿಗಳ ಕುಟುಂಬಗಳು ಅಮೆರಿಕದ ಷಿಕಾಗೊ ಮತ್ತು ಅದರ ಸುತ್ತಲಿನ ರಾಜ್ಯಗಳಿಗೆ, ಕೆಲವು ಬ್ರೆಜಿಲ್‌ಗೆ ವಲಸೆ ಹೋದವು. ದಕ್ಷಿಣದ ಎಶ್ ಪಟ್ಟಣದ ಸುತ್ತ ಕಬ್ಬಿಣದ ಅದಿರಿನ ಗಣಿಗಾರಿಕೆ ಮತ್ತು ಉಕ್ಕಿನ ಉದ್ಯಮ ಬೆಳೆದ ಮೇಲೆ ಪ್ರವಾಹದ ದಿಕ್ಕು ಬದಲಾಯಿತು. ಆ ಶತಮಾನದ ಕೊನೆಯಲ್ಲಿ ಜರ್ಮನರೂ ಇಟಲಿಯವರೂ ಬಂದರು. 1960ರ ದಶಕದ ಉತ್ತರಾರ್ಧದಿಂದ ಪೋರ್ಚುಗೀಸರ ವಲಸೆ ಆರಂಭವಾಯಿತು. 1970ರಲ್ಲಿ ಎರಡೂ ದೇಶಗಳ ನಡುವೆ ಕಾರ್ಮಿಕರ ಕುರಿತ ಒಪ್ಪಂದವಾಯಿತು. ಉಕ್ಕಿನ ಉದ್ಯಮ ಕುಸಿದು ಬ್ಯಾಂಕಿಂಗ್ ಮತ್ತು ಹೂಡಿಕೆ ನಿಧಿಗಳ ವ್ಯವಹಾರ ಮುಂದಕ್ಕೆ ಬಂದಾಗ, ಯುರೋಪಿಯನ್ ಒಕ್ಕೂಟದ ಸಂಸ್ಥೆಗಳು ಅಲ್ಲಿ ನೆಲೆಯೂರಿದಾಗ, ವಿದ್ಯಾವಂತ ವೃತ್ತಿಪರರ ಇನ್ನೊಂದು ಅಲೆ ಸೇರಿಕೊಂಡಿತು. ಇತ್ತೀಚಿನ ವರ್ಷಗಳಲ್ಲಿ ಭಾರತೀಯರ ಸಂಖ್ಯೆಯೂ ಗಮನಾರ್ಹವಾಗಿ ಏರಿದೆ.

ಈ ಬದಲಾವಣೆಯ ವೇಗವನ್ನು ಜನಗಣತಿಗಳು ತೋರಿಸುತ್ತವೆ. 1961ರಲ್ಲಿ ಸುಮಾರು 3,15,000 ಜನರಲ್ಲಿ ವಿದೇಶಿ ಪೌರರು ಶೇಕಡಾ 13ರಷ್ಟಿದ್ದರು. 1981ರಲ್ಲಿ ಅದು ಶೇಕಡಾ 26, 2001ರಲ್ಲಿ ಶೇಕಡಾ 37. ಅರವತ್ತು ವರ್ಷಗಳಲ್ಲಿ ಒಟ್ಟು ಜನಸಂಖ್ಯೆ ಇಮ್ಮಡಿಗಿಂತ ಹೆಚ್ಚಾಯಿತು. ವಿದೇಶಿಯರಲ್ಲಿ ದೊಡ್ಡ ಗುಂಪು ಪೋರ್ಚುಗೀಸರದು. ಒಟ್ಟು ಜನಸಂಖ್ಯೆಯಲ್ಲಿ ಅವರ ಪಾಲು ಏಳರಲ್ಲಿ ಒಂದರಷ್ಟು. ಅವರ ನಂತರದ ಸ್ಥಾನ ಫ್ರೆಂಚರದು.

ನಿವಾಸಿಗಳ ಲೆಕ್ಕಕ್ಕೆ ಸಿಗದ ಇನ್ನೊಂದು ದೊಡ್ಡ ಸಮೂಹವಿದೆ. ಫ್ರಾನ್ಸ್, ಜರ್ಮನಿ, ಬೆಲ್ಜಿಯಂಗಳ ಗಡಿ ಊರುಗಳಲ್ಲಿ ಮನೆ ಮಾಡಿಕೊಂಡು, ದಿನವೂ ಗಡಿ ದಾಟಿ ಬಂದು ದುಡಿದು ಹಿಂತಿರುಗುವವರು ಎರಡು ಲಕ್ಷಕ್ಕೂ ಹೆಚ್ಚು. ಸಂಬಳದ ದುಡಿಮೆಯಲ್ಲಿ ಅವರ ಪಾಲು ಅರ್ಧಕ್ಕೆ ಸಮೀಪ. ಅವರಲ್ಲಿ ಅರ್ಧದಷ್ಟು ಮಂದಿ ಫ್ರಾನ್ಸಿನಿಂದ ಬರುತ್ತಾರೆ. ಹೀಗಾಗಿ ಅಂಗಡಿ, ಆಸ್ಪತ್ರೆ, ಕಚೇರಿಗಳ ದಿನಬಳಕೆಯಲ್ಲಿ ಫ್ರೆಂಚ್ ಭಾಷೆಯ ಬಲ, ಅದನ್ನು ಮನೆಯಲ್ಲಾಡುವ ನಿವಾಸಿಗಳ ಸಂಖ್ಯೆಗಿಂತ ಬಹಳ ಹೆಚ್ಚು.

ಮೂರು ಭಾಷೆಗಳು, ಮೂರು ಕೆಲಸಗಳು

ಲಕ್ಸೆಂಬರ್ಗಿಶ್ ಮೂಲತಃ ಮೋಸೆಲ್ ನದಿಯ ಪ್ರದೇಶದ ಜರ್ಮಾನಿಕ್ ಉಪಭಾಷೆಗಳ ಗುಂಪಿಗೆ ಸೇರಿದ್ದು. ದೇಶದ ಗಡಿಗಳು ಈ ನುಡಿಯ ಎಲ್ಲೆಗಳನ್ನು ಎಂದೂ ಅನುಸರಿಸಲಿಲ್ಲ. 1659ರಲ್ಲಿ ತಿಯೊನ್‌ವಿಲ್ ಪ್ರದೇಶ ಫ್ರಾನ್ಸಿಗೆ, 1815ರಲ್ಲಿ ಪೂರ್ವದ ಭಾಗಗಳು ಪ್ರಷ್ಯಾಕ್ಕೆ, 1839ರ ಲಂಡನ್ ಒಪ್ಪಂದದಂತೆ ಪಶ್ಚಿಮದ ದೊಡ್ಡ ಭಾಗ ಬೆಲ್ಜಿಯಂಗೆ ಹೋಯಿತು. ಬೆಲ್ಜಿಯಂಗೆ ಹೋದ ಭಾಗ ಬಹುತೇಕ ಫ್ರೆಂಚ್ ವಲಯದ್ದಾದರೂ, ಈ ನುಡಿಯನ್ನೇ ಆಡುತ್ತಿದ್ದ ಆರ್ಲಾನ್ ಪ್ರದೇಶವೂ ಅದರೊಂದಿಗೆ ಗಡಿಯಾಚೆ ಉಳಿಯಿತು. ದೇಶದೊಳಗೆ ರಾಷ್ಟ್ರಭಾಷೆಯಾದ ನುಡಿಯೇ ಗಡಿಯಾಚೆ ಹಿರಿಯರ ಮನೆಮಾತಾಗಿ ಕ್ಷೀಣಿಸಿತು.

ಬಹುಕಾಲ ಉಪಭಾಷೆಯೆಂದೇ ಪರಿಗಣಿತವಾಗಿದ್ದ ಲಕ್ಸೆಂಬರ್ಗಿಶ್‌ಗೆ ಭಾವನಾತ್ಮಕ ಬಲ ತಂದುಕೊಟ್ಟ ಘಟನೆ ಎರಡನೆಯ ಮಹಾಯುದ್ಧದ ಕಾಲದ್ದು. 1941ರ ಅಕ್ಟೋಬರ್‌ನಲ್ಲಿ ನಾಜಿ ಆಡಳಿತ ಜನಗಣತಿ ನಡೆಸಲು ಹೊರಟಿತು. ರಾಷ್ಟ್ರೀಯತೆ, ಮಾತೃಭಾಷೆ, ಜನಾಂಗ ಎಂಬ ಮೂರು ಪ್ರಶ್ನೆಗಳಿಗೆ ಜನ 'ಜರ್ಮನ್' ಎಂದು ಉತ್ತರಿಸಬೇಕೆಂಬುದು ಅದರ ನಿರೀಕ್ಷೆ. ಪ್ರತಿರೋಧದ ಗುಂಪುಗಳು ಮೂರಕ್ಕೂ 'ಲಕ್ಸೆಂಬರ್ಗಿಶ್' ಎಂದೇ ಬರೆಯುವಂತೆ ಪ್ರಚಾರ ಮಾಡಿದವು. ಜನರ ಒಲವು ಯಾವ ಕಡೆಗಿದೆ ಎಂದು ಮೊದಲೇ ತಿಳಿದುಕೊಂಡ ಆಡಳಿತ ಗಣತಿಯನ್ನು ಕೈಬಿಟ್ಟಿತು. ಜರ್ಮನ್‌ನಿಂದ ತಾವು ಬೇರೆ ಎಂದು ಹೇಳಿಕೊಳ್ಳುವ ಸಾಧನವಾಗಿ ಭಾಷೆ ಆಗ ಕೆಲಸ ಮಾಡಿತು.

1984ರ ಭಾಷಾ ಕಾನೂನು ಲಕ್ಸೆಂಬರ್ಗಿಶ್ ಅನ್ನು ರಾಷ್ಟ್ರಭಾಷೆಯೆಂದು ಘೋಷಿಸಿತು. ಅದೇ ಕಾನೂನಿನ ಪ್ರಕಾರ ಶಾಸನಗಳು ಫ್ರೆಂಚ್‌ನಲ್ಲಿ ರಚನೆಯಾಗುತ್ತವೆ. ಭಾಷಾಂತರವಿದ್ದರೂ ಅಧಿಕೃತವಾದುದು ಫ್ರೆಂಚ್ ಪಠ್ಯವೇ. ಆಡಳಿತ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್, ಜರ್ಮನ್, ಲಕ್ಸೆಂಬರ್ಗಿಶ್ ಮೂರನ್ನೂ ಬಳಸಬಹುದು. ನಾಗರಿಕರು ಇವುಗಳಲ್ಲಿ ಯಾವ ಭಾಷೆಯಲ್ಲಿ ಅರ್ಜಿ ಸಲ್ಲಿಸುವರೋ ಅದೇ ಭಾಷೆಯಲ್ಲಿ ಸಾಧ್ಯವಿದ್ದಷ್ಟು ಮಟ್ಟಿಗೆ ಉತ್ತರ ಕೊಡಬೇಕು. 2023ರಲ್ಲಿ ಜಾರಿಗೆ ಬಂದ ಸಂವಿಧಾನದ ಪರಿಷ್ಕರಣೆ ಲಕ್ಸೆಂಬರ್ಗಿಶ್‌ನ ಸ್ಥಾನವನ್ನು ಸಂವಿಧಾನದ ಮಟ್ಟಕ್ಕೆ ಏರಿಸಿತು.

ಸ್ಥಾನ ಏರಿದಷ್ಟು ಪ್ರಮಾಣ ಏರಲಿಲ್ಲ. ಲಕ್ಸೆಂಬರ್ಗಿಶ್ ತಮ್ಮ ಮುಖ್ಯ ಭಾಷೆ ಎಂದು ಹೇಳಿದವರು 2011ರಲ್ಲಿ ಶೇಕಡಾ 55.8, 2021ರ ಗಣತಿಯಲ್ಲಿ ಶೇಕಡಾ 48.9. ಆಡುವವರ ಸಂಖ್ಯೆ ಇಳಿದಿಲ್ಲ, ಏರಿದೆ; ಆದರೆ ಸುತ್ತಲಿನ ಜನಸಂಖ್ಯೆ ಅದಕ್ಕಿಂತ ವೇಗವಾಗಿ ಬೆಳೆದಿದೆ. ಭಾಷೆಯೊಂದು ಅಳಿಯುತ್ತಿದೆಯೆಂಬ ಭಯಕ್ಕೂ ಅದನ್ನು ಆಡುವವರು ಹೆಚ್ಚುತ್ತಿದ್ದಾರೆಂಬ ವಾಸ್ತವಕ್ಕೂ ಒಂದೇ ಗಣತಿಯಲ್ಲಿ ಆಧಾರ ಸಿಗುವುದು ಹೀಗೆ. 2016ರಲ್ಲಿ ಲಕ್ಸೆಂಬರ್ಗಿಶ್ ಅನ್ನು ಮೊದಲ ಆಡಳಿತ ಭಾಷೆಯಾಗಿಸಬೇಕೆಂದು ಸಂಸತ್ತಿಗೆ ಸಲ್ಲಿಕೆಯಾದ ಮನವಿಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಸಹಿಗಳು ಬಂದವು. 2018ರಲ್ಲಿ ಭಾಷೆಯ ಉತ್ತೇಜನಕ್ಕಾಗಿ ಪ್ರತ್ಯೇಕ ಕಾನೂನು ಬಂದು, ಅದಕ್ಕಾಗಿ ಆಯುಕ್ತರ ಹುದ್ದೆಯೊಂದು ಸೃಷ್ಟಿಯಾಯಿತು.

ಪೌರತ್ವಕ್ಕೆ ಇರುವ ದಾರಿಗಳು

ಇಂದಿನ ವ್ಯವಸ್ಥೆಗೆ ಬುನಾದಿ 2008ರ ಕಾನೂನು. ಹೊಸ ಪೌರತ್ವಕ್ಕಾಗಿ ಹಳೆಯದನ್ನು ಬಿಡಬೇಕೆಂಬ ನಿಯಮವನ್ನು ಅದು ತೆಗೆದುಹಾಕಿತು. ಪೋರ್ಚುಗೀಸರಿಗೂ ಫ್ರೆಂಚರಿಗೂ ಇದರಿಂದ ದಾರಿ ತೆರೆಯಿತು. ಭಾರತೀಯರ ಪಾಲಿಗೆ ಹಾಗಲ್ಲ: ಭಾರತದ ಸಂವಿಧಾನದ 9ನೆಯ ವಿಧಿ ಮತ್ತು 1955ರ ಪೌರತ್ವ ಕಾಯಿದೆಗಳಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. 2017ರ ಕಾನೂನು ಅಗತ್ಯವಾದ ವಾಸದ ಅವಧಿಯನ್ನು ಏಳು ವರ್ಷದಿಂದ ಐದಕ್ಕೆ ಇಳಿಸಿತು. ಅರ್ಜಿಗೆ ಮುಂಚಿನ ಒಂದು ವರ್ಷದ ವಾಸ ಮಾತ್ರ ಎಡೆಬಿಡದೆ ಇರಬೇಕು.

ಸಾಮಾನ್ಯ ದಾರಿಯಲ್ಲಿ ಬರುವವರು ಲಕ್ಸೆಂಬರ್ಗಿಶ್ ಪರೀಕ್ಷೆ ಬರೆಯುವುದಿಲ್ಲ, ಆಡುತ್ತಾರೆ. ಯುರೋಪಿನ ಭಾಷಾ ಮಾನದಂಡದಂತೆ ಮಾತನಾಡುವುದರಲ್ಲಿ ಎ2, ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಬಿ1 ಮಟ್ಟ ನಿಗದಿಯಾಗಿದೆ. ಓದುವ, ಬರೆಯುವ ಸಾಮರ್ಥ್ಯದ ಪರೀಕ್ಷೆ ಇಲ್ಲ. ಇದರ ಜೊತೆಗೆ ಮೂಲಭೂತ ಹಕ್ಕುಗಳು, ದೇಶದ ಸಂಸ್ಥೆಗಳು ಮತ್ತು ಇತಿಹಾಸದ ಕುರಿತ ಕಿರು ಶಿಕ್ಷಣವಿದೆ. ಇಪ್ಪತ್ತು ವರ್ಷಗಳಿಂದ ನೆಲೆಸಿದವರಿಗೆ ಪರೀಕ್ಷೆಯ ಬದಲು 24 ಗಂಟೆಗಳ ಭಾಷಾ ತರಗತಿ ಸಾಕು. ಕಟ್ಟಡ ಕೆಲಸದಲ್ಲಿ, ಮನೆಗೆಲಸದಲ್ಲಿ ಆಯುಷ್ಯ ಕಳೆದು, ತರಗತಿಯ ಮುಖ ಕಾಣದ ಮೊದಲ ತಲೆಮಾರಿನ ವಲಸಿಗರಿಗೆ ಈ ವಿನಾಯಿತಿ ಬಹಳ ಉಪಯುಕ್ತ. ಅಲ್ಲಿನ ಶಾಲೆಗಳಲ್ಲಿ ಏಳು ವರ್ಷ ಓದಿದವರಿಗೂ ಪ್ರತ್ಯೇಕ ದಾರಿಯಿದೆ.

ಜನ್ಮಸ್ಥಳದ ಹಕ್ಕು ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ತಂದೆ ಅಥವಾ ತಾಯಿ ಲಕ್ಸೆಂಬರ್ಗ್‌ನಲ್ಲೇ ಹುಟ್ಟಿದವರಾಗಿದ್ದು ಮಗುವೂ ಅಲ್ಲೇ ಹುಟ್ಟಿದರೆ, ಅದು ಹುಟ್ಟಿನಿಂದಲೇ ಪೌರ. 2013ರ ಜುಲೈ 1ರ ನಂತರ ವಿದೇಶಿ ದಂಪತಿಗೆ ಅಲ್ಲಿ ಹುಟ್ಟಿದ ಮಗು, ವಾಸದ ಷರತ್ತುಗಳು ಪೂರೈಸಿದರೆ, 18 ತುಂಬಿದಾಗ ತಾನಾಗಿಯೇ ಪೌರನಾಗುತ್ತದೆ.

ರಕ್ತಸಂಬಂಧದ ಹಕ್ಕನ್ನು ಬಹುದೂರ ಚಾಚಿದ ಇನ್ನೊಂದು ದಾರಿಯೂ ಇತ್ತು. 1900ರ ಜನವರಿ 1ರಂದು ಲಕ್ಸೆಂಬರ್ಗ್ ಪೌರನಾಗಿದ್ದ ಪೂರ್ವಜನೊಬ್ಬನನ್ನು ದಾಖಲೆಗಳಿಂದ ತೋರಿಸಬಲ್ಲ ವಂಶಜರು ಪೌರತ್ವವನ್ನು ಮರಳಿ ಪಡೆಯಬಹುದಿತ್ತು. ಅರ್ಜಿಯ ಕೊನೆಯ ದಿನ 2018ರ ಡಿಸೆಂಬರ್ 31. ವಾಸದ ಅವಧಿಯ ಷರತ್ತಾಗಲಿ, ಭಾಷಾ ಪರೀಕ್ಷೆಯಾಗಲಿ ಅವರಿಗೆ ಇರಲಿಲ್ಲ. ಅಮೆರಿಕ ಮತ್ತು ಬ್ರೆಜಿಲ್‌ಗಳಿಂದ ಸಾವಿರಾರು ಮಂದಿ ಇದರ ಲಾಭ ಪಡೆದರು. ಭಾಷೆಯೇ ರಾಷ್ಟ್ರೀಯತೆಯ ಲಕ್ಷಣವೆಂಬ ವಾದಕ್ಕೆ ಇಲ್ಲಿ ತೊಡಕು ಬರುತ್ತದೆ. ಎಶ್ ಪಟ್ಟಣದಲ್ಲಿ ಹತ್ತು ವರ್ಷ ದುಡಿದ ಪೋರ್ಚುಗೀಸ್ ಮಹಿಳೆ ಪರೀಕ್ಷೆಗೆ ಕೂರಬೇಕು. ಆ ಭಾಷೆಯ ಒಂದು ಪದವನ್ನೂ ಅರಿಯದ, ನಾಲ್ಕನೆಯ ತಲೆಮಾರಿನ ಬ್ರೆಜಿಲ್ ನಿವಾಸಿಗೆ ಅದು ಬೇಕಿರಲಿಲ್ಲ. ಭಾಷೆಯ ಪರೀಕ್ಷೆ ವಲಸಿಗರಿಗೆ ಮಾತ್ರ ಅನ್ವಯಿಸುವ ಷರತ್ತಾಗಿ ಉಳಿಯಿತು.

ಮತದಾರರು ಮತ್ತು ನಿವಾಸಿಗಳು

ಅರವತ್ತು ಸದಸ್ಯರ ಸಂಸತ್ತನ್ನು ಆರಿಸುವ ಹಕ್ಕು ಪೌರರಿಗೆ ಮಾತ್ರ. ಅಲ್ಲಿ ಮತದಾನ ಕಡ್ಡಾಯ. ಹಾಗಾಗಿ ತೆರಿಗೆ ಕಟ್ಟುವವರಲ್ಲಿ, ಕಾರ್ಮಿಕರಲ್ಲಿ ಬಹುದೊಡ್ಡ ಭಾಗವನ್ನು ಬಿಟ್ಟು ಉಳಿದವರು ಎಲ್ಲರಿಗೂ ಅನ್ವಯಿಸುವ ಕಾನೂನನ್ನು ನಿರ್ಧರಿಸುತ್ತಾರೆ. ಈ ಕೊರತೆಯನ್ನು ತುಂಬಲು ಸರ್ಕಾರ 2015ರ ಜೂನ್ 7ರಂದು ಜನಮತಗಣನೆ ನಡೆಸಿತು. ಕನಿಷ್ಠ ಹತ್ತು ವರ್ಷ ವಾಸವಿದ್ದು, ಈ ಮೊದಲು ಸ್ಥಳೀಯ ಅಥವಾ ಯುರೋಪಿಯನ್ ಚುನಾವಣೆಯಲ್ಲಿ ಮತ ಹಾಕಿದ ವಿದೇಶಿಯರಿಗೆ ಸಂಸತ್ ಚುನಾವಣೆಯ ಮತ ಕೊಡಬಹುದೇ ಎಂಬುದು ಅದರ ಪ್ರಶ್ನೆಗಳಲ್ಲೊಂದು. ಸುಮಾರು ಶೇಕಡಾ 78ರಷ್ಟು ಮತದಾರರು ಬೇಡವೆಂದರು. ಯಾರ ಹಕ್ಕಿನ ಪ್ರಶ್ನೆ ಅಲ್ಲಿತ್ತೋ ಅವರಿಗೆ ಆ ದಿನ ಮತವಿರಲಿಲ್ಲ.

ಎರಡು ವರ್ಷಗಳ ನಂತರ ಬಂದ 2017ರ ಕಾನೂನನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಪೌರತ್ವವಿಲ್ಲದೆ ಮತವಿಲ್ಲವೆಂದು ಜನ ತೀರ್ಮಾನಿಸಿದ ಮೇಲೆ, ಶಾಸಕರು ಪೌರತ್ವದ ಹೊಸಿಲನ್ನೇ ತಗ್ಗಿಸಿದರು. ಸ್ಥಳೀಯ ಚುನಾವಣೆಗಳಲ್ಲಿ ವಿದೇಶಿಯರಿಗೆ ಇದ್ದ ಐದು ವರ್ಷಗಳ ವಾಸದ ಷರತ್ತನ್ನೂ 2022ರಲ್ಲಿ ತೆಗೆದುಹಾಕಲಾಯಿತು. ಆದರೂ 2023ರ ಸ್ಥಳೀಯ ಚುನಾವಣೆಗೆ ಹೆಸರು ನೋಂದಾಯಿಸಿದವರು ಅರ್ಹ ವಿದೇಶಿಯರಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಮಾತ್ರ. ಹಕ್ಕನ್ನು ಕಾನೂನು ಕೊಡಬಲ್ಲದು. ಊರಿನ ರಾಜಕೀಯ ಚರ್ಚೆ ನಡೆಯುವ ಭಾಷೆಯೊಳಗೆ ಪ್ರವೇಶವನ್ನು ಅದು ತಾನಾಗಿಯೇ ಒದಗಿಸದು.

ಶಾಲೆಯ ಪ್ರಶ್ನೆ

ಈ ಪ್ರವೇಶ ನಿರ್ಧಾರವಾಗುವ ಸ್ಥಳ ಪರೀಕ್ಷಾ ಕೊಠಡಿಗಿಂತ ಹೆಚ್ಚಾಗಿ ಪ್ರಾಥಮಿಕ ಶಾಲೆ. ನಾಲ್ಕನೆಯ ವಯಸ್ಸಿನಿಂದ ಕಡ್ಡಾಯವಾದ ಶಿಶುತರಗತಿಗಳಲ್ಲಿ ಲಕ್ಸೆಂಬರ್ಗಿಶ್ ಆಡುಭಾಷೆಯಾಗಿ ಬೆಳೆಯುತ್ತದೆ. ಆರನೆಯ ವಯಸ್ಸಿಗೆ ಓದುಬರಹ ಆರಂಭವಾಗುವುದು ಸಾಂಪ್ರದಾಯಿಕವಾಗಿ ಜರ್ಮನ್‌ನಲ್ಲಿ. ಮುಂದೆ ಪ್ರೌಢಶಾಲೆಯಲ್ಲಿ ಫ್ರೆಂಚ್ ಪ್ರಾಬಲ್ಯ ಪಡೆಯುತ್ತದೆ. ಲಕ್ಸೆಂಬರ್ಗಿಶ್ ಮನೆಮಾತಿನ ಮಗುವಿಗೆ ಜರ್ಮನ್ ಹತ್ತಿರದ ಭಾಷೆ. ಪೋರ್ಚುಗೀಸ್ ಮನೆಮಾತಿನ ಮಗುವಿಗೆ ಅದು ಬಹುದೂರದ್ದು, ಫ್ರೆಂಚ್ ಹೆಚ್ಚು ಹತ್ತಿರ. ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಭಾಗದವರ ಮನೆಯಲ್ಲಿ ಮೊದಲ ಭಾಷೆ ಲಕ್ಸೆಂಬರ್ಗಿಶ್ ಅಲ್ಲದಿರುವಾಗ, ಪೂರ್ವದ ವಿದ್ಯಾರ್ಥಿ ಸಮುದಾಯಕ್ಕೆಂದು ರೂಪಿಸಿದ ಕ್ರಮ ಇಂದಿನವರಲ್ಲಿ ಅನೇಕರನ್ನು ಹಿಂದಕ್ಕೆ ತಳ್ಳುತ್ತದೆ. 2022ರಲ್ಲಿ ನಾಲ್ಕು ಶಾಲೆಗಳಲ್ಲಿ ಫ್ರೆಂಚ್‌ನಲ್ಲೇ ಅಕ್ಷರಾಭ್ಯಾಸ ಮಾಡಿಸುವ ಪ್ರಯೋಗ ಆರಂಭವಾದುದು ಈ ಕಾರಣದಿಂದ. ಪೋರ್ಚುಗೀಸ್ ಮಾತ್ರ ಅಕ್ಷರಾಭ್ಯಾಸದ ಆಯ್ಕೆಯಾಗಿ ಅಲ್ಲಿಯೂ ಬರಲಿಲ್ಲ.

ಭಾರತದ ಗಡಿಭಾಗದ ಭಾಷಿಕರ ಸ್ಥಿತಿಯೊಂದಿಗೆ ಇದನ್ನು ಹೋಲಿಸುವಾಗ ಎಚ್ಚರ ಬೇಕು. ಕಾಸರಗೋಡು ಅಥವಾ ಅಕ್ಕಲಕೋಟೆಯ ಕನ್ನಡಿಗರು ವಲಸಿಗರಲ್ಲ. ರಾಜ್ಯಗಳ ಗಡಿ ಬದಲಾದಾಗಲೂ ಅವರ ಪೌರತ್ವ ಚರ್ಚೆಯ ವಿಷಯವಾಗಲಿಲ್ಲ. ಭಾರತದ ಪೌರತ್ವ ಕಾಯಿದೆಯ ಮೂರನೆಯ ಅನುಸೂಚಿಯೂ ಪೌರತ್ವ ಕೋರುವ ವಿದೇಶಿಯರಿಂದ ಯಾವುದೋ ಒಂದೇ ಭಾಷೆಯನ್ನು ಕೇಳುವುದಿಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದಾದರೂ ಭಾಷೆಯ ಸಾಕಷ್ಟು ಜ್ಞಾನವಿದ್ದರೆ ಆ ಷರತ್ತು ಪೂರೈಸುತ್ತದೆ; ಕನ್ನಡವೂ ಅವುಗಳಲ್ಲೊಂದು. 350ಎ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಶ್ರಮಿಸಬೇಕು. ಲಕ್ಸೆಂಬರ್ಗ್‌ನ ಪೋರ್ಚುಗೀಸರಿಗೆ ಸರಿಸಮನಾದ ಇಂಥ ಸಂವಿಧಾನಾತ್ಮಕ ನೆಲೆಯಿಲ್ಲ. ಅವರು ಕಾನೂನಿನ ದೃಷ್ಟಿಯಲ್ಲಿ ವಿದೇಶಿಯರು, ಪೌರತ್ವ ಪಡೆದ ಮೇಲೆ ಲಕ್ಸೆಂಬರ್ಗಿನವರು. ನಡುವೆ 'ಭಾಷಾ ಅಲ್ಪಸಂಖ್ಯಾತ' ಎಂಬ ವರ್ಗವೇ ಅಲ್ಲಿ ಸಿಗುವುದಿಲ್ಲ.

ಹೋಲಿಕೆ ನಿಲ್ಲುವ ಜಾಗ ಶಾಲೆ. ಲಕ್ಸೆಂಬರ್ಗ್ ತನ್ನ ಸಣ್ಣ ಭಾಷೆಗೆ ಪೌರತ್ವದ ಪರೀಕ್ಷೆಯ ಮೂಲಕ ಕಲಿಯುವವರನ್ನು ಒದಗಿಸಿತು. ವಯಸ್ಕರ ತರಗತಿಗಳು ಬೆಳೆದವು, ನಿಘಂಟು, ಪಠ್ಯಗಳು ಬಂದವು, 2019ರಲ್ಲಿ ಕಾಗುಣಿತದ ನಿಯಮಗಳು ಪರಿಷ್ಕೃತವಾದವು. ಭಾಷೆಗೆ ಸ್ಪಷ್ಟವಾದ ಸಾರ್ವಜನಿಕ ಕೆಲಸವೊಂದು ದೊರೆತರೆ ಅದನ್ನು ಕಲಿಯುವವರು ದೊರೆಯುತ್ತಾರೆ ಎಂಬುದಕ್ಕೆ ಇದು ಉದಾಹರಣೆ. ಆದರೆ ಎ2 ಮಟ್ಟದ ಸಂಭಾಷಣೆಯಿಂದ ಸಿಗುವ ಪೌರತ್ವಕ್ಕೂ, ಆರನೆಯ ವಯಸ್ಸಿನಲ್ಲಿ ಅರ್ಥವಾಗುವ ಭಾಷೆಯಲ್ಲಿ ಓದು ಕಲಿತು ಮುಂದೆ ಫ್ರೆಂಚ್ ಶಾಸನವನ್ನು ತಾನೇ ಓದಿ ಪ್ರಶ್ನಿಸಬಲ್ಲ ಪೌರತ್ವಕ್ಕೂ ಅಂತರ ಬಹಳ. ಮೊದಲನೆಯದಕ್ಕೆ ಬೇಕಾದ ಬದಲಾವಣೆಗಳನ್ನು ಆ ದೇಶ 2008 ಮತ್ತು 2017ರಲ್ಲಿ ಮಾಡಿಕೊಂಡಿತು. ಎರಡನೆಯದರ ಕೆಲಸ ಶಾಲೆಗಳಲ್ಲಿ ಈಗಷ್ಟೇ ಆರಂಭವಾಗಿದೆ.