ಅಲ್ಯೂಮಿನಿಯಂ ಕೊಳವೆ ಯಾವಾಗ ಬಾಗುತ್ತದೆ, ಯಾವಾಗ ಬಿರಿಯುತ್ತದೆ? – ‘ಕುಟ್ಯತೆ, ತನ್ಯತೆ’ ಪಾಠಕ್ಕೊಂದು ಪ್ರಾತ್ಯಕ್ಷಿಕೆ

‘ಲೋಹಗಳು ಮತ್ತು ಅಲೋಹಗಳು’ ಘಟಕವನ್ನು ಬೋಧನಾಭ್ಯಾಸದಲ್ಲಿ ಆರಿಸಿಕೊಳ್ಳದ ವಿಜ್ಞಾನ ಪ್ರಶಿಕ್ಷಣಾರ್ಥಿಗಳು ಕಡಿಮೆ. ಲೋಹವನ್ನು ಬಡಿದು ಹಾಳೆ ಮಾಡಬಹುದು, ಅದು ಕುಟ್ಯತೆ. ಎಳೆದು ತಂತಿ ಮಾಡಬಹುದು, ಅದು ತನ್ಯತೆ. ನಾವು ಕಬ್ಬಿಣದ ಮೊಳೆ, ಅಲ್ಯೂಮಿನಿಯಂ ತಂತಿ, ಇದ್ದಿಲು ತಂದು ಸುತ್ತಿಗೆಯಿಂದ ಬಡಿದು ತೋರಿಸುತ್ತೇವೆ. ಇದ್ದಿಲು ಪುಡಿಯಾಗುತ್ತದೆ, ಲೋಹ ಚಪ್ಪಟೆಯಾಗುತ್ತದೆ, ಕಪ್ಪುಹಲಗೆಯ ಮೇಲಿನ ಕೋಷ್ಟಕ ತುಂಬುತ್ತದೆ. ಪಾಠ ಮುಗಿಯುತ್ತದೆ.

ಆದರೆ ಮಕ್ಕಳು ಮನೆಯಲ್ಲಿ ಕಂಡದ್ದು ಈ ಕೋಷ್ಟಕಕ್ಕೆ ಪೂರ್ತಿ ಹೊಂದುವುದಿಲ್ಲ. ಮಾಳಿಗೆಯ ಮೇಲೆ ಬಿದ್ದಿರುವ ಹಳೆಯ ಟಿ.ವಿ. ಆಂಟೆನಾದ ಕೊಳವೆಯನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಲು ಹೋದವರಿಗೆ ಗೊತ್ತು: ಅದು ದುಂಡಗೆ ಬಾಗುವುದಿಲ್ಲ. ಒಂದೇ ಕಡೆ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. “ಮಿಸ್, ಅಲ್ಯೂಮಿನಿಯಂ ಲೋಹ ತಾನೇ? ಮತ್ತೆ ಯಾಕೆ ಮುರಿಯುತ್ತೆ?” ಎಂದು ನನ್ನ ಹತ್ತನೇ ತರಗತಿಯ ಅಭ್ಯಾಸ ಪಾಠದಲ್ಲಿ ಒಬ್ಬ ಹುಡುಗಿ ಕೇಳಿದಳು. ಆ ಪ್ರಶ್ನೆಗೆ ಉತ್ತರವಾಗಬಲ್ಲ ಪ್ರಾತ್ಯಕ್ಷಿಕೆಯೊಂದನ್ನು ನಮ್ಮ ಮನೆಯ ಹಿಂದಿನ ಶೆಡ್‌ನಲ್ಲಿ ಚಿಕ್ಕಪ್ಪನ ಜೊತೆ ಸಿದ್ಧಪಡಿಸಿ ತರಗತಿಗೆ ಒಯ್ದೆ. ಅದರ ವಿವರ ಇಲ್ಲಿದೆ. ಲೋಹ ಯಾವುದು ಎಂಬುದರಷ್ಟೇ, ಆ ಲೋಹಕ್ಕೆ ಈವರೆಗೆ ಏನೇನು ಮಾಡಲಾಗಿದೆ ಎಂಬುದೂ ಅದರ ಕುಟ್ಯತೆಯನ್ನು ನಿರ್ಧರಿಸುತ್ತದೆ ಎಂಬುದು ಇದರ ತಿರುಳು.

ಲೋಹದ ಒಳಗೆ ನಡೆಯುವುದು

ಲೋಹದಲ್ಲಿ ಪರಮಾಣುಗಳು ಸಾಲುಸಾಲಾಗಿ ಜೋಡಿಸಿಕೊಂಡಿರುತ್ತವೆ. ಲೋಹ ಬಾಗುವಾಗ ಈ ಪದರಗಳು ಒಂದರ ಮೇಲೊಂದು ಜಾರುತ್ತವೆ ಎಂದು ನಾವು ಹೇಳಿಕೊಡುತ್ತೇವೆ. ಇದು ಸರಿ, ಆದರೆ ಇಡೀ ಪದರ ಒಮ್ಮೆಲೇ ಜಾರುವುದಿಲ್ಲ. ದೊಡ್ಡ ಜಮಖಾನೆಯನ್ನು ಒಂದಡಿ ಸರಿಸಬೇಕಾದರೆ ಪೂರ್ತಿಯಾಗಿ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕು ಮಾಡಿ, ಆ ಸುಕ್ಕನ್ನು ಕಾಲಿನಿಂದ ತಳ್ಳುತ್ತಾ ಇನ್ನೊಂದು ತುದಿಗೆ ಒಯ್ದರೆ ಸುಲಭ. ಪರಮಾಣುಗಳ ಸಾಲಿನಲ್ಲೂ ಇಂಥ ‘ಸುಕ್ಕು’ಗಳಿವೆ. ಅವುಗಳನ್ನು ಸ್ಥಾನಪಲ್ಲಟ ದೋಷಗಳೆನ್ನುತ್ತಾರೆ. ಲೋಹ ಹೀಗೆಯೇ ಬಾಗುತ್ತದೆಂಬ ವಿವರಣೆಯನ್ನು 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಬೇರೆಬೇರೆಯಾಗಿ ಮುಂದಿಟ್ಟರು.

ಲೋಹವನ್ನು ತಣ್ಣಗಿರುವಾಗಲೇ ಬಡಿದರೆ, ಎಳೆದರೆ, ಬಾಗಿಸಿದರೆ ಈ ಸುಕ್ಕುಗಳ ಸಂಖ್ಯೆ ಹೆಚ್ಚುತ್ತಾ ಹೋಗಿ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಲೋಹ ಗಡುಸಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಬಾಗುವ ಜಾಗ ಬಿಗಿಯಾಗಿ ಕೊನೆಗೆ ತುಂಡಾಗುವುದಕ್ಕೆ ಈ ಗಡುಸುತನವೂ ಒಂದು ಕಾರಣ. ಅದೇ ಲೋಹವನ್ನು ಸಾಕಷ್ಟು ಕಾಯಿಸಿದರೆ ಪರಮಾಣುಗಳಿಗೆ ಚಲಿಸುವ ಶಕ್ತಿ ಬಂದು, ಗೋಜಲಾದ ಹಳೆಯ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಮೂಡುತ್ತವೆ. ಲೋಹ ಮತ್ತೆ ಮೆದುವಾಗುತ್ತದೆ. ಈ ಕ್ರಿಯೆಯೇ ಅನೀಲಿಂಗ್. ಕೆಲಸದ ಮನೆಗಳಲ್ಲಿ ‘ಕಾಯಿಸಿ ಮೆತ್ತಗೆ ಮಾಡುವುದು’ ಎನ್ನುತ್ತಾರೆ.

ಅಂಗಡಿಯಲ್ಲಿ ಸಿಗುವ ಕೊಳವೆಗಳು ಬಹುಮಟ್ಟಿಗೆ ಶುದ್ಧ ಅಲ್ಯೂಮಿನಿಯಂ ಅಲ್ಲ, ಮಿಶ್ರಲೋಹಗಳು. 6061, 6063 ಎಂಬ ಸಂಖ್ಯೆಯ ಮಿಶ್ರಲೋಹಗಳಲ್ಲಿ ಸ್ವಲ್ಪ ಮೆಗ್ನೀಸಿಯಂ ಮತ್ತು ಸಿಲಿಕಾನ್ ಇರುತ್ತದೆ. ಇವೆರಡು ಸೇರಿ ಆಗುವ ಅತಿ ಸಣ್ಣ ಕಣಗಳು ಲೋಹದ ತುಂಬ ಹರಡಿಕೊಂಡು ಸುಕ್ಕುಗಳ ದಾರಿಗೆ ಅಡ್ಡ ನಿಲ್ಲುತ್ತವೆ. ಕಾಯಿಸಿದಾಗ ಈ ಕಣಗಳು ಒಂದಾಗಿ ದಪ್ಪಗಾಗುತ್ತವೆ, ಅವುಗಳ ನಡುವಿನ ಅಂತರ ಹೆಚ್ಚುತ್ತದೆ, ಅಡ್ಡಿ ಕಡಿಮೆಯಾಗುತ್ತದೆ. 6061 ಮಿಶ್ರಲೋಹವು ಗಡುಸು ಸ್ಥಿತಿಯಲ್ಲಿ ಶಾಶ್ವತವಾಗಿ ಬಾಗಲು ಸುಮಾರು 275 ಮೆಗಾಪಾಸ್ಕಲ್ ಒತ್ತಡ ಬೇಕು. ಪೂರ್ತಿ ಮೆದುವಾದ ಸ್ಥಿತಿಯಲ್ಲಿ 55 ಸಾಕು. ಲೋಹ ಒಂದೇ, ಸ್ಥಿತಿ ಬೇರೆ, ಬಲ ಐದರಲ್ಲೊಂದು ಪಾಲು.

ಕಾಯಿಸುವುದು: ಸೋಪೇ ತಾಪಮಾಪಕ

ಕುಲುಮೆಯಲ್ಲಿ ಕಬ್ಬಿಣ ಕೆಂಪಾಗುವುದನ್ನು ನೋಡಿ ಅದರ ಕಾವನ್ನು ಅಂದಾಜು ಮಾಡಬಹುದು. ಅಲ್ಯೂಮಿನಿಯಂ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ಕತ್ತಲೆಯಲ್ಲಿ ಕೂಡ ಬಿಸಿ ವಸ್ತು ಮಂದವಾಗಿ ಹೊಳೆಯಲು ತೊಡಗುವುದು ಸುಮಾರು 525 °ಸೆ.ನಲ್ಲಿ. ಹಗಲಲ್ಲಿ ಕೆಂಪು ಕಾಣಬೇಕಾದರೆ ಕಾವು ಇನ್ನೂ ಹೆಚ್ಚಬೇಕು. ಶುದ್ಧ ಅಲ್ಯೂಮಿನಿಯಂ 660 °ಸೆ.ನಲ್ಲೇ ಕರಗುತ್ತದೆ, 6061 ಮಿಶ್ರಲೋಹ 580ರ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ. ಅಂದರೆ ಬಣ್ಣ ಬರಲೆಂದು ಕಾದು ಕುಳಿತರೆ, ಬಣ್ಣ ಬರುವ ಮೊದಲೇ ಕೊಳವೆ ಕುಸಿಯುತ್ತದೆ. ಮೆದುವಾಗಿಸಲು ಬೇಕಾದದ್ದು ಸುಮಾರು 350ರಿಂದ 415 °ಸೆ. ಮಾತ್ರ.

ಇದಕ್ಕೆ ಕೆಲಸಗಾರರು ಕಂಡುಕೊಂಡ ಉಪಾಯ ಬಟ್ಟೆ ಒಗೆಯುವ ಬಾರ್ ಸೋಪು. ನಾವು ತೆಗೆದುಕೊಂಡದ್ದು 12 ಮಿ.ಮೀ. ಹೊರವ್ಯಾಸದ, 1 ಮಿ.ಮೀ. ದಪ್ಪದ ಗೋಡೆಯ ಕೊಳವೆ. ಅದನ್ನು ಹ್ಯಾಕ್ಸಾದಿಂದ 40 ಸೆಂ.ಮೀ. ಉದ್ದದ ತುಂಡುಗಳಾಗಿ ಕತ್ತರಿಸಿ, ಅಂಚುಗಳನ್ನು ಅರದಿಂದ ಉಜ್ಜಿಕೊಂಡೆವು. ಬಾಗಬೇಕಾದ ಭಾಗದ ಮೇಲೆ ಒಣ ಸೋಪಿನಿಂದ ಗೀರು ಎಳೆದು, ಆ ಗೀರು ಉರಿಗೆ ಎದುರು ಬದಿಯಲ್ಲಿರುವಂತೆ ಇಟ್ಟೆವು. ಗೀರಿನ ಮೇಲೆಯೇ ಉರಿ ಬಿದ್ದರೆ ಸೋಪು ಬೇಗ ಸುಟ್ಟು ಲೋಹದ ಕಾವನ್ನು ತಪ್ಪಾಗಿ ಹೇಳುತ್ತದೆ. ಗ್ಯಾಸ್ ಟಾರ್ಚನ್ನು ಒಂದೇ ಕಡೆ ನಿಲ್ಲಿಸದೆ ಆಚೀಚೆ ಆಡಿಸುತ್ತಿರಬೇಕು. ಸೋಪಿನ ಗೀರು ಮೊದಲು ಕಂದಾಗಿ ನಂತರ ಕಪ್ಪಾಗುತ್ತದೆ. ಕಪ್ಪಾದ ಕೂಡಲೇ ಉರಿ ತೆಗೆಯಬೇಕು. ಕಾರ್ಖಾನೆಯಲ್ಲಿ ಇಂಥ ಮಿಶ್ರಲೋಹವನ್ನು ಗಂಟೆಗಟ್ಟಲೆ ಕಾವಿನಲ್ಲಿಟ್ಟು ನಿಧಾನವಾಗಿ ಆರಿಸುತ್ತಾರೆ. ಶೆಡ್‌ನಲ್ಲಿ ಆಗುವುದು ಭಾಗಶಃ ಮೃದುತ್ವ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಬಾಗಿಸುವುದು: ಮರಳು, ಅಚ್ಚು, ಲೆಕ್ಕ

ಕೊಳವೆ ಬಾಗುವಾಗ ಹೊರಬದಿ ಹಿಗ್ಗುತ್ತದೆ, ಒಳಬದಿ ಕುಗ್ಗುತ್ತದೆ. ಒಳಗೆ ಟೊಳ್ಳಾದ್ದರಿಂದ ಎರಡೂ ಗೋಡೆಗಳು ನಡುವಿಗೆ ಸರಿದು ಕೊಳವೆ ಚಪ್ಪಟೆಯಾಗುತ್ತದೆ. ಇದನ್ನು ತಡೆಯಲು ಒಳಗೆ ನುಣ್ಣನೆಯ ಒಣ ಮರಳು ತುಂಬಬೇಕು. ಒಂದು ತುದಿಗೆ ಮರದ ಬಿರಡೆ ಹಾಕಿ, ಮರಳು ಸುರಿಯುತ್ತಾ ಕೊಳವೆಯನ್ನು ಕೋಲಿನಿಂದ ತಟ್ಟಿದರೆ ಮರಳು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಇನ್ನೊಂದು ತುದಿಗೂ ಬಿರಡೆ ಬಡಿಯಬೇಕು.

ಇಲ್ಲಿ ಕೆಲಸದ ಕ್ರಮ ಬಹಳ ಮುಖ್ಯ. ಮೊದಲು ಖಾಲಿ ಕೊಳವೆಯನ್ನು, ಎರಡೂ ತುದಿ ತೆರೆದಿರುವಾಗ ಕಾಯಿಸಬೇಕು. ಅದು ಪೂರ್ತಿ ಆರಿದ ಮೇಲೆ ಮರಳು ತುಂಬಬೇಕು. ಮರಳು ತುಂಬಿ ಬಿರಡೆ ಹಾಕಿದ ಕೊಳವೆಯನ್ನು ಎಂದೂ ಕಾಯಿಸಬಾರದು. ಮರಳಿನಲ್ಲಿ ತುಸು ತೇವವಿದ್ದರೂ ಅದು ಉಗಿಯಾಗಿ ಬಿರಡೆಯನ್ನು ಗುಂಡಿನಂತೆ ಹಾರಿಸುತ್ತದೆ.

ಬಾಗಿಸಲು ಮರದ ಅಚ್ಚು ಬೇಕು. 30 ಮಿ.ಮೀ. ತ್ರಿಜ್ಯದ ದುಂಡನೆಯ ಹಲಗೆಯನ್ನು ವೈಸ್‌ಗೆ ಬಿಗಿದು, ಅದರ ಸುತ್ತ ಕೊಳವೆಯನ್ನು ಎರಡೂ ಕೈಯಿಂದ ನಿಧಾನವಾಗಿ ಎಳೆದರೆ ಕೊಳವೆಯ ನಡುಗೆರೆಯ ತ್ರಿಜ್ಯ 36 ಮಿ.ಮೀ. ಆಗುತ್ತದೆ, ಅಂದರೆ ವ್ಯಾಸದ ಮೂರರಷ್ಟು. ಗಣಿತ ಶಿಕ್ಷಕರಿಗೂ ಇಲ್ಲಿ ಕೆಲಸವಿದೆ. ಅರ್ಧವೃತ್ತದ ಬಾಗಿನಲ್ಲಿ ನಡುಗೆರೆಯ ಉದ್ದ ಸುಮಾರು 113 ಮಿ.ಮೀ., ಹೊರಗೆರೆ 132, ಒಳಗೆರೆ 94. ಹೊರಬದಿ ಆರನೇ ಒಂದು ಭಾಗ, ಅಂದರೆ ಸುಮಾರು ಶೇ. 17ರಷ್ಟು ಹಿಗ್ಗಬೇಕು. ಗಡುಸು 6061 ಮುರಿಯುವ ಮುನ್ನ ಹಿಗ್ಗಬಲ್ಲದ್ದು ಸುಮಾರು ಶೇ. 12, ಮೆದುವಾದದ್ದು ಶೇ. 25. ಒಂದು ಏಕೆ ಬಿರಿಯುತ್ತದೆ, ಇನ್ನೊಂದು ಏಕೆ ಬಾಗುತ್ತದೆ ಎಂಬುದು ಈ ಮೂರು ಸಂಖ್ಯೆಗಳಲ್ಲೇ ಇದೆ.

ಕಾಯಿಸಿ ಆರಿಸಿದ ಕೊಳವೆಯ ಮೇಲೆ, ಬಾಗಿಸುವ ಮೊದಲು, 10 ಮಿ.ಮೀ.ಗೊಂದರಂತೆ ಮಾರ್ಕರ್‌ನಿಂದ ಸುತ್ತುಗೆರೆ ಹಾಕಿಕೊಳ್ಳಿ. ಬಾಗಿದ ಮೇಲೆ ದಾರ ಹಿಡಿದು ಅಳೆದರೆ ಗೆರೆಗಳ ಅಂತರ ಹೊರಗೆ 11.5 ಮಿ.ಮೀ. ದಾಟಿರುತ್ತದೆ, ಒಳಗೆ 8.5ರ ಹತ್ತಿರಕ್ಕೆ ಇಳಿದಿರುತ್ತದೆ. ‘ಹಿಗ್ಗುತ್ತದೆ, ಕುಗ್ಗುತ್ತದೆ’ ಎಂಬ ಮಾತನ್ನು ಮಕ್ಕಳು ತಮ್ಮ ಕೈಯಾರೆ ಅಳೆದು ನೋಡಬಹುದು.

ತರಗತಿಯಲ್ಲಿ: ಊಹಿಸು, ನೋಡು, ವಿವರಿಸು

ಕಾಯಿಸುವ ಕೆಲಸವನ್ನು ತರಗತಿಯಲ್ಲಿ ಮಾಡಲಿಲ್ಲ. ನೋಡಲು ಒಂದೇ ತರಹ ಇರುವ ಮೂರು ತುಂಡುಗಳನ್ನು ಒಯ್ದೆ. ‘ಎ’ ಕಾಯಿಸದ್ದು. ‘ಬಿ’ ಕಾಯಿಸಿ ಗಾಳಿಯಲ್ಲಿ ಆರಿಸಿದ್ದು. ‘ಸಿ’ ಕಾಯಿಸಿ ತಕ್ಷಣ ನೀರಿಗೆ ಅದ್ದಿದ್ದು. ಯಾವುದಕ್ಕೆ ಏನು ಮಾಡಿದೆ ಎಂದು ಹೇಳಿ, ಯಾವುದು ಅತಿ ಗಡುಸಾಗಿರುತ್ತದೆ, ಏಕೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ. ಮೊದಲು ಬರೆಸುವುದು ಅಗತ್ಯ. ಬರೆಯದಿದ್ದರೆ ಫಲಿತಾಂಶ ಕಂಡ ಮೇಲೆ ಎಲ್ಲರೂ ‘ನಾನೂ ಅದನ್ನೇ ಅಂದುಕೊಂಡಿದ್ದೆ’ ಎನ್ನುತ್ತಾರೆ.

ಹೆಚ್ಚಿನವರು ‘ಸಿ’ ಎಂದು ಬರೆದರು. ಊರಿನ ಕುಲುಮೆಯಲ್ಲಿ ಅಪ್ಪನಿಗೆ ನೆರವಾಗುವ ಹುಡುಗನೊಬ್ಬ ಕಾರಣವನ್ನೂ ಹೇಳಿದ: “ಕುಡುಗೋಲನ್ನ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ್ರೆ ಹದ ಬರುತ್ತೆ ಮಿಸ್, ಗಟ್ಟಿಯಾಗುತ್ತೆ.” ಇದು ಪಾಠಕ್ಕೆ ಅಡ್ಡಿಯಾಗುವ ತಪ್ಪು ಕಲ್ಪನೆಯಲ್ಲ. ಉಕ್ಕಿನ ಮಟ್ಟಿಗೆ ಇದು ನೂರಕ್ಕೆ ನೂರು ಸರಿ. ಆದ್ದರಿಂದ ‘ತಪ್ಪು’ ಎನ್ನದೆ ಅವನ ಮಾತನ್ನು ಹಲಗೆಯ ಮೇಲೆ ಬರೆದು, ಪರೀಕ್ಷಿಸೋಣ ಎಂದೆ.

ಮೂರಕ್ಕೂ ಮರಳು ತುಂಬಿ ಅಚ್ಚಿನ ಮೇಲೆ ಬಾಗಿಸಿದೆವು. ‘ಎ’ಗೆ ಇಬ್ಬರು ಹುಡುಗರ ಬಲ ಬೇಕಾಯಿತು, ಅರ್ಧ ಬಾಗುವಷ್ಟರಲ್ಲಿ ಹೊರಬದಿಯಲ್ಲಿ ಬಿರುಕು ತೆರೆಯಿತು. ‘ಬಿ’ಯನ್ನು ಪ್ರಶ್ನೆ ಕೇಳಿದ್ದ ಹುಡುಗಿ ಒಬ್ಬಳೇ ‘ಯು’ ಆಕಾರಕ್ಕೆ ತಂದಳು. ‘ಸಿ’ಯೂ ‘ಬಿ’ಯಷ್ಟೇ ಸುಲಭವಾಗಿ ಬಾಗಿತು. ತರಗತಿ ಒಂದು ಗಳಿಗೆ ಸುಮ್ಮನಾಯಿತು. ಕುಲುಮೆಯ ಹುಡುಗ ಎದ್ದು ಬಂದು ‘ಸಿ’ಯನ್ನು ತಾನೇ ಹಿಡಿದು ನೋಡಿದ.

ವಿವರಣೆಯ ಹಂತದಲ್ಲಿ ಹೇಳಬೇಕಾದದ್ದು ಇಷ್ಟು. ಕುಡುಗೋಲಿನ ಉಕ್ಕಿನಲ್ಲಿ ಇಂಗಾಲವಿದೆ. ಕೆಂಪಗೆ ಕಾದಾಗ ಅದು ಕಬ್ಬಿಣದ ಹರಳಿನೊಳಗೆ ಕರಗಿರುತ್ತದೆ. ಥಟ್ಟನೆ ತಣಿಸಿದರೆ ಹೊರಬರಲು ಸಮಯವಿಲ್ಲದೆ ಒಳಗೇ ಸಿಕ್ಕಿಕೊಂಡು ಹರಳನ್ನು ಬಿಗಿಯಾಗಿಸುತ್ತದೆ. ಅಲ್ಯೂಮಿನಿಯಂನಲ್ಲಿ ಇಂಥ ಇಂಗಾಲದ ಆಟ ಇಲ್ಲ. ನೀರು ಅದನ್ನು ಬೇಗ ಆರಿಸುತ್ತದೆ, ಅಷ್ಟೆ. ತಾಮ್ರದ ಪಾತ್ರೆ ಮಾಡುವವರು ಬಡಿದು ಬಿಗಿಯಾದ ತಾಮ್ರವನ್ನು ಮತ್ತೆಮತ್ತೆ ಕಾಯಿಸಿ ನೀರಿಗೆ ಅದ್ದುವುದು ಮೆದುವಾಗಿಸಲೆಂದೇ. ಉಕ್ಕು ಕೂಡ ಕಾಯಿಸಿ ನಿಧಾನವಾಗಿ ಆರಿಸಿದರೆ ಮೆದುವಾಗುತ್ತದೆ. ಗಾರೆ ಕೆಲಸದವರು ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ವೈರ್ ಹಾಗೆ ಮಾಡಿದ ಉಕ್ಕು. ಆದ್ದರಿಂದಲೇ ಅದು ಕೈಯಲ್ಲೇ ಸುತ್ತಿಕೊಳ್ಳುತ್ತದೆ, ಸೈಕಲ್ ಕಡ್ಡಿ ಸುತ್ತಿಕೊಳ್ಳುವುದಿಲ್ಲ.

ಚುರುಕಾದ ಮಕ್ಕಳಿಗೆ ಇನ್ನೊಂದು ಮಾತು ಸೇರಿಸಬಹುದು. ಕೆಲವು ಅಲ್ಯೂಮಿನಿಯಂ ಮಿಶ್ರಲೋಹಗಳನ್ನು 500 °ಸೆ. ಸುತ್ತಮುತ್ತ ಕಾಯಿಸಿ ನೀರಿಗೆ ಅದ್ದಿದರೆ ಆಗ ಮೆದುವಾಗಿದ್ದು, ದಿನ ಕಳೆದಂತೆ ತಾವಾಗಿಯೇ ಗಡುಸಾಗುತ್ತವೆ. ಇದನ್ನು 1906ರಲ್ಲಿ ಗಮನಿಸಿದವನು ಜರ್ಮನಿಯ ಆಲ್ಫ್ರೆಡ್ ವಿಲ್ಮ್. ವಿಮಾನಕ್ಕೆ ಬಳಸುವ ಕೆಲವು ರಿವೆಟ್‌ಗಳನ್ನು ಬಡಿಯುವವರೆಗೆ ಮೆದುವಾಗಿರಲೆಂದು ಶೀತಲ ಪೆಟ್ಟಿಗೆಯಲ್ಲಿ ಇಡುವುದು ಇದೇ ಕಾರಣಕ್ಕೆ.

ಸುರಕ್ಷತೆ

1. ಕಾಯಿಸುವ ಕೆಲಸ ದೊಡ್ಡವರದು. ಗಾಳಿಯಾಡುವ ಜಾಗ, ಕನ್ನಡಕ, ಚರ್ಮದ ಕೈಗವಸು, ಹತ್ತಿ ಬಟ್ಟೆ ಬೇಕು. ಬಣ್ಣ ಬಳಿದ ಅಥವಾ ಲೇಪನವಿರುವ ಕೊಳವೆ ಬೇಡ, ಅದರ ಹೊಗೆ ಕೆಟ್ಟದ್ದು.
2. 300 °ಸೆ. ಇರುವ ಅಲ್ಯೂಮಿನಿಯಂ ನೋಡಲು ತಣ್ಣಗಿನ ಅಲ್ಯೂಮಿನಿಯಂನಂತೆಯೇ ಇರುತ್ತದೆ. ಕಾದ ತುಂಡಿಗೆ ಬೇರೆ ಜಾಗ ಗೊತ್ತುಮಾಡಿ, ಇಕ್ಕಳದಿಂದಲೇ ಹಿಡಿಯಬೇಕು. ನೀರಿಗೆ ಅದ್ದುವಾಗ ಕೊಳವೆಯ ಮೇಲ್ತುದಿಯಿಂದ ಬಿಸಿ ಉಗಿ ಚಿಮ್ಮುತ್ತದೆ, ಆ ತುದಿ ಯಾರ ಕಡೆಗೂ ಇರಬಾರದು.
3. ಪಾಠದ ಕೊನೆಗೆ ಮಕ್ಕಳಿಗೆ ಸ್ಪಷ್ಟವಾಗಿ ಹೇಳಲೇಬೇಕಾದದ್ದು: ಏಣಿ, ಸೈಕಲ್ ಫ್ರೇಮ್, ಗಾಲಿಕುರ್ಚಿಯಂಥ ಭಾರ ಹೊರುವ ಅಲ್ಯೂಮಿನಿಯಂ ಭಾಗಗಳನ್ನು ರಿಪೇರಿ ಹೆಸರಿನಲ್ಲಿ ಕಾಯಿಸಬಾರದು. ಬಣ್ಣ, ಆಕಾರ ಮೊದಲಿನಂತೆಯೇ ಇರುತ್ತದೆ, ಬಲ ಮಾತ್ರ ಹೋಗಿರುತ್ತದೆ.

ಮೌಲ್ಯಮಾಪನ

ಘಟಕ ಪರೀಕ್ಷೆಯಲ್ಲಿ ‘ಕುಟ್ಯತೆ ಎಂದರೇನು?’ ಎಂಬುದರ ಜೊತೆಗೆ ನಾನು ಕೇಳಿದ ಎರಡು ಪ್ರಶ್ನೆಗಳು ಇವು. ಪಾತ್ರೆ ಬಡಿಯುವವರು ತಾಮ್ರವನ್ನು ನಡುನಡುವೆ ಏಕೆ ಕಾಯಿಸುತ್ತಾರೆ? ಒಂದೇ ಲೋಹದ ಎರಡು ತಂತಿಗಳಲ್ಲಿ ಒಂದು ಸುಲಭವಾಗಿ ಬಾಗಿ ಇನ್ನೊಂದು ಬಾಗದಿದ್ದರೆ, ಯಾವ ಕಾರಣವಿರಬಹುದು? ಎರಡನೆಯದಕ್ಕೆ ‘ದಪ್ಪ’ ಎಂದು ಉತ್ತರಿಸಿದವರಿಗೂ ಅಂಕ ಕೊಡಬೇಕು, ಅದೂ ಸರಿಯಾದ ಕಾರಣ. ‘ದಪ್ಪ ಒಂದೇ ಆಗಿದ್ದರೆ?’ ಎಂದು ಮತ್ತೆ ಕೇಳಿದಾಗ ‘ಒಂದನ್ನು ಮೊದಲೇ ಕಾಯಿಸಿರಬಹುದು’ ಎಂದು ಹೇಳಬಲ್ಲ ಮಗುವಿಗೆ ಈ ಪಾಠದ ಕಲಿಕಾಫಲ ದಕ್ಕಿದೆ ಎನ್ನಬಹುದು. ಮೂರು ಕೊಳವೆಗಳನ್ನು ಶಾಲೆಯ ಪ್ರಯೋಗಾಲಯದಲ್ಲಿ ಚೀಟಿ ಅಂಟಿಸಿ ಇಟ್ಟುಬಂದಿದ್ದೇನೆ. ಮುಂದಿನ ತಂಡದವರು ‘ಎ’ಯ ಬಿರುಕಿನಿಂದಲೇ ಪಾಠ ಆರಂಭಿಸಬಹುದು.