ಹವ್ಯಾಸಿ ಛಾಯಾಗ್ರಾಹಕನ ಕಣ್ಣು

ಕೈಯಲ್ಲಿ ಕ್ಯಾಮೆರಾ ಇದ್ದವನು ಚಿತ್ರ ತೆಗೆಯಲು ಎಲ್ಲಿಗೆ ಹೋಗಬೇಕು? ಕೇಳಿದವರಿಗೆ ನಾವು ಸಾಮಾನ್ಯವಾಗಿ ಹೇಳುವ ಉತ್ತರ ಒಂದೇ: ಹಂಪೆಗೆ, ಜೋಗಕ್ಕೆ, ಹಳೇಬೀಡಿಗೆ. ಬ್ಯಾಡಗಿಯ ಮೆಣಸಿನಕಾಯಿ ಅಂಗಳಕ್ಕೆ ಹೋಗಿರಿ ಎಂದು ಯಾರೂ ಹೇಳುವುದಿಲ್ಲ. ಹಾಗೆ ಏಕೆ ಹೇಳಬೇಕು ಎಂಬುದನ್ನು ಈ ಹೊತ್ತು ಕೇಳುಗರ ಮುಂದೆ ಇಡಬೇಕೆಂದಿದ್ದೇನೆ. ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ವಿಷಯದಲ್ಲಿ ಹೆಚ್ಚಿನ ಅಧಿಕಾರವೇನೂ ಇಲ್ಲ. ಛಾಯಾಗ್ರಹಣ ನನ್ನ ಕಸುಬಲ್ಲ, ಹವ್ಯಾಸ. ಈ ‘ಹವ್ಯಾಸ’ ಎಂಬ ಮಾತನ್ನು ನಾವು ಕನ್ನಡದಲ್ಲಿ ಹಗುರವಾಗಿ ಬಳಸುತ್ತೇವೆ, ಬಿಡುವಿನ ವೇಳೆಯ ಆಟವೆಂಬಂತೆ. ನಮ್ಮ ನೆರೆಯ ಮರಾಠಿಯಲ್ಲಿ ಇದೇ ಮಾತಿಗೆ ತೀವ್ರವಾದ ಆಸೆ, ಹಂಬಲ ಎಂಬ ಅರ್ಥವಿದೆ. ಇಂಗ್ಲಿಷಿನ ‘ಅಮೆಚೂರ್’ ಶಬ್ದದ ಲ್ಯಾಟಿನ್ ಮೂಲಕ್ಕೂ ಪ್ರೀತಿಸುವವನು ಎಂದೇ ಅರ್ಥ. ಭಾಷೆಯ ಮೇಷ್ಟರಿಗೆ ಇಂಥ ಅಡ್ಡದಾರಿಗಳ ಚಪಲ ಇದ್ದದ್ದೇ, ಮುಂದೆ ಹೋಗೋಣ.

1976ರಲ್ಲಿ, ನಾನು ಪಿ.ಯು.ಸಿ. ಓದುತ್ತಿದ್ದಾಗ, ಸೋದರಮಾವ ತಾನು ಬಳಸಿ ಬಿಟ್ಟಿದ್ದ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾವನ್ನು ನನಗೆ ಕೊಟ್ಟರು. ಒಂದು ಸುರುಳಿಗೆ ಹನ್ನೆರಡು ಚಿತ್ರ. ಸುರುಳಿಯ ಬೆಲೆ, ತೊಳೆಸುವ ಖರ್ಚು, ಪ್ರತಿ ತೆಗೆಸುವ ಖರ್ಚು ಎಲ್ಲವನ್ನೂ ಕೂಡಿಸಿದರೆ ಹನ್ನೆರಡೂ ಚಿತ್ರಗಳು ಘನವಾದ ವಸ್ತುಗಳಿಗೇ ಮೀಸಲಾಗಬೇಕೆಂದು ನನಗೆ ತೋರಿತು. ಆದ್ದರಿಂದ ವರದಾ ನದಿ ತುಂಗಭದ್ರೆಯನ್ನು ಕೂಡುವಲ್ಲಿರುವ ಗಳಗನಾಥಕ್ಕೆ ಹೋಗಿ, ಗಳಗೇಶ್ವರನ ಗುಡಿಯನ್ನು ಹನ್ನೆರಡು ಸಲ ತೆಗೆದುಕೊಂಡು ಬಂದೆ. ಸಂಜೆ ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದಳು. ಸುರುಳಿ ಮುಗಿದ ಸಂಭ್ರಮವನ್ನು ಹೇಳಿದೆ. ಅವಳು ತಲೆಯೆತ್ತದೆ ಅಂದಳು: “ಗುಡಿ ಎಲ್ಲಿ ಓಡಿ ಹೋಗತೈತೋ ತಮ್ಮಾ? ನಿಂತಲ್ಲೇ ನಿಂತಿರತೈತಿ.” ನಾನು ನಕ್ಕೆ.

ಗುಡಿಯ ಮೋಹ ನನ್ನೊಬ್ಬನದೇ ಆಗಿರಲಿಲ್ಲ. ನಮ್ಮ ಸೀಮೆಗೆ ಕ್ಯಾಮೆರಾ ಬಂದದ್ದೇ ಗುಡಿಗಳಿಗಾಗಿ. 1850ರ ದಶಕದಲ್ಲಿ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯೂ, ಮುಂಬಯಿ ವೈದ್ಯಕೀಯ ಸೇವೆಯಲ್ಲಿದ್ದ ಡಾಕ್ಟರ್ ಪಿಗೂ ಅವರೂ ಧಾರವಾಡ ಹಾಗೂ ಮೈಸೂರು ಪ್ರಾಂತಗಳ ಶಿಲ್ಪವನ್ನು ಚಿತ್ರಿಸುತ್ತ ತಿರುಗಿದರು. ಅವರ ಮತ್ತು ನೀಲ್ ಎಂಬವರ ಚಿತ್ರಗಳು, ಮೆಡೋಸ್ ಟೇಲರ್ ಬರೆದ ಇತಿಹಾಸದೊಡನೆ, 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ಹಾವೇರಿಯ ಸಿದ್ಧೇಶ್ವರ ದೇವಾಲಯವನ್ನು ಪಿಗೂ ಅಂದು ತೆಗೆದ ಚಿತ್ರ ಇಂದಿಗೂ ಉಳಿದಿದೆ. ಆ ಕಾಲದ ರಾಸಾಯನಿಕ ಲೇಪಗಳು ಬಹು ಮಂದ. ಬೆಳಕು ಅವುಗಳ ಮೇಲೆ ಬಹಳ ಹೊತ್ತು ಬೀಳಬೇಕಾಗಿತ್ತು. ಅಲುಗದೆ ನಿಂತ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು. ಅದರ ಮುಂದೆ ಹಾದು ಹೋದ ನೀರಿನ ಕೊಡದವಳು, ದನಗಾಹಿ, ಆಡುವ ಹುಡುಗ, ಇವರು ಗುರುತಿಲ್ಲದೆ ಅಳಿಸಿ ಹೋಗುತ್ತಿದ್ದರು. ಅಂದಿನ ಛಾಯಾಗ್ರಾಹಕನಿಗೆ ಅದು ಉಪಕರಣದ ಮಿತಿ. ಕ್ಷಣದ ಸಣ್ಣ ಭಾಗವನ್ನೂ ಹಿಡಿಯಬಲ್ಲ ಪೆಟ್ಟಿಗೆಯನ್ನು ಹಿಡಿದು ಹೋದ ನನ್ನಂಥವನು ಆ ಜನರನ್ನು ಬಿಟ್ಟದ್ದು ಕಣ್ಣಿನ ಮಿತಿ.

ಆ ಸಿದ್ಧೇಶ್ವರ ದೇವಾಲಯದ ಒಂದು ವಿಶೇಷವನ್ನು ಹೇಳಬೇಕು. ಚಾಲುಕ್ಯರ ಕಾಲದ ಗುಡಿಗಳು ಸಾಮಾನ್ಯವಾಗಿ ಪೂರ್ವಾಭಿಮುಖ. ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗಿನ ಬಸ್ಸಿಗೆ ಬಂದಿಳಿದವನಿಗೆ ಅದರ ಮುಂಭಾಗ ನೆರಳಿನಲ್ಲಿ ಮಂಕಾಗಿ ಕಾಣುತ್ತದೆ. ಇಳಿಹೊತ್ತಿನಲ್ಲಿ ಹೋದರೆ ಸೂರ್ಯನ ಬೆಳಕು ನೇರವಾಗಿ ಮಂಟಪದೊಳಕ್ಕೆ ಹೊಕ್ಕು ಕಂಬಗಳನ್ನು ತಡವುತ್ತದೆ. ಇದನ್ನು ಒಂದು ದಿನದ ಪ್ರವಾಸಿ ಅರಿಯಲಾರ. ದಿನವೂ ಆ ದಾರಿಯಲ್ಲಿ ತರಕಾರಿ ಚೀಲ ಹಿಡಿದು ಹೋಗುವವನು ಅರಿಯಬಲ್ಲ. ಹವ್ಯಾಸಿಗೆ ಕಾದು ಕುಳಿತ ಸಂಪಾದಕನಿಲ್ಲ, ಗಿರಾಕಿಯಿಲ್ಲ. ಇಂದು ಬರದ ಬೆಳಕಿಗೆ ನಾಳೆ ಹೋಗಬಹುದು. ನಾಳೆಯೂ ಬರದಿದ್ದರೆ ಮುಂದಿನ ಮಾಗಿಗೆ. ವೃತ್ತಿಯವರಿಗಿಲ್ಲದ ಈ ಸಿರಿತನವನ್ನು ನಮ್ಮವರು ದೂರದ ಊರುಗಳಿಗೆ ಓಡಾಡಿ ಏಕೆ ಕಳೆದುಕೊಳ್ಳುತ್ತಾರೋ ತಿಳಿಯದು. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳನ್ನು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲೇ ವರ್ಷಗಟ್ಟಲೆ ಕಾದು ಹಿಡಿದರು. ಮೈಸೂರಿನ ಟಿ. ಎಸ್. ಸತ್ಯನ್ ಅವರದು ವೃತ್ತಿಯೇ ಆಗಿತ್ತು, 1977ರಲ್ಲಿ ಪದ್ಮಶ್ರೀಯೂ ಬಂತು. ಆದರೂ ನನ್ನ ಮನಸ್ಸಿನಲ್ಲಿ ನಿಂತಿರುವುದು ಸಾಮಾನ್ಯ ಜನರ ನಿತ್ಯದ ಬದುಕನ್ನು ಕುರಿತ ಅವರ ಚಿತ್ರಗಳೇ.

ಅವ್ವ 1993ರಲ್ಲಿ ತೀರಿಕೊಂಡಳು. ಗೋಡೆಗೆ ಹಾಕಲು ಚಿತ್ರ ಹುಡುಕಿದರೆ ಸಿಕ್ಕಿದ್ದು ಒಂದೇ: ಅಕ್ಕನ ಮದುವೆಯ ಸಮಯದಲ್ಲಿ ರಾಣೇಬೆನ್ನೂರಿನ ಸ್ಟುಡಿಯೊದಲ್ಲಿ ತೆಗೆಸಿದ್ದು. ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, ಯಾರೋ ಗದರಿಸಿದಂತೆ ಎದುರಿಗೆ ನೋಡುತ್ತಿದ್ದಾಳೆ. ಗಳಗನಾಥದ ಹನ್ನೆರಡು ಚಿತ್ರಗಳು ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ಅವಳ ಬೆರಳುಗಳ ಚಿತ್ರ ಒಂದೂ ಇರಲಿಲ್ಲ.

ನಿವೃತ್ತಿಯ ಅನಂತರ ನಾನು ಬ್ಯಾಡಗಿಯ ಅಂಗಳಗಳಿಗೆ ಹೋಗತೊಡಗಿದ್ದಕ್ಕೆ ಇದೇ ಕಾರಣ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು; ಅದರಿಂದ ತೆಗೆದ ಬಣ್ಣ ತಿಂಡಿತಿನಿಸುಗಳಿಗೂ ತುಟಿಯ ರಂಗಿಗೂ ಹೋಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಆ ಕೆಂಪು ಕ್ಯಾಮೆರಾಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಹಿಂದೆ ಕಪ್ಪು-ಬಿಳುಪು ಸುರುಳಿಯಲ್ಲಿ ತೆಗೆದಾಗ ಕೆಂಪು ಕಾಯಿಯೂ ಹಸಿರು ಎಲೆಯೂ ಹೆಚ್ಚುಕಡಿಮೆ ಒಂದೇ ಬೂದಿಬಣ್ಣಕ್ಕೆ ಇಳಿಯುತ್ತಿದ್ದವು. ಬ್ಯಾಡಗಿಯ ವೈಭವ ಇದ್ದಿಲಿನ ರಾಶಿಯಾಗುತ್ತಿತ್ತು. ಇಂದಿನ ಡಿಜಿಟಲ್ ಕ್ಯಾಮೆರಾಗಳದು ಇದಕ್ಕೆ ವಿರುದ್ಧವಾದ ದೋಷ. ನಡುಹಗಲಿನ ಬಿಸಿಲಿನಲ್ಲಿ ಕೆಂಪನ್ನು ಗ್ರಹಿಸುವ ಭಾಗ ಬೇಗನೆ ತುಂಬಿ ಬಿಡುವುದರಿಂದ ಇಡೀ ರಾಶಿ ಮಡಿಕೆ ಗೆರೆಗಳಿಲ್ಲದೆ ಕುಂಕುಮ ಚೆಲ್ಲಿದಂತೆ ಆಗುತ್ತದೆ. ಉಪಾಯ ಒಂದೇ: ಒಳಬರುವ ಬೆಳಕನ್ನು ಸ್ವಲ್ಪ ತಗ್ಗಿಸಿ, ಮುಂಜಾನೆಯ ಓರೆಬಿಸಿಲಿಗೆ ಕಾಯಬೇಕು. ಆಗ ಡಬ್ಬಿ ಕಾಯಿಯ ಮೈಮೇಲಿನ ಸುಕ್ಕುಗಳು ಒಂದೊಂದಾಗಿ ಮೇಲೇಳುತ್ತವೆ. ಅವುಗಳ ನಡುವೆ ಅಂಥವೇ ಸುಕ್ಕುಗಳುಳ್ಳ ಕೈಗಳು ಕಾಣುತ್ತವೆ. ನಡುವೆ ಘಾಟಿಗೆ ಸೀನು ಬಂದು ಕ್ಯಾಮೆರಾ ಅಲುಗಿದರೆ ಅದಕ್ಕೆ ಯಾವ ಉಪಾಯವೂ ಇಲ್ಲ.

2024ರ ಮಾರ್ಚ್ 11ರಂದು ದರ ಕುಸಿದು ರೊಚ್ಚಿಗೆದ್ದ ರೈತರು ಇಲ್ಲಿನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಆ ಬೆಂಕಿಯ ಚಿತ್ರಗಳು ನಾಡೆಲ್ಲ ಹರಿದಾಡಿದವು. ಹರಿದಾಡಬೇಕಾದವೇ. ಆದರೆ ಅದಕ್ಕೂ ಮೊದಲಿನ ಎಷ್ಟೋ ಸೋಮವಾರ, ಗುರುವಾರಗಳಲ್ಲಿ, ಚೀಲದ ಮೇಲೆ ಕುಳಿತು ಧಾರಣೆಯ ಚೀಟಿಗಾಗಿ ಕಾಯುತ್ತಿದ್ದ ಮುಖಗಳನ್ನು ತೆಗೆದವರು ಕಡಿಮೆ. ನಾನೂ ತೆಗೆದಿರಲಿಲ್ಲ, ಅಂದು ಕೈಗಳ ಹುಚ್ಚಿನಲ್ಲಿದ್ದೆ.

ಹಾವೇರಿಯ ಏಲಕ್ಕಿ ಹಾರದ ಕಥೆಯೂ ಹೀಗೆಯೇ. 2023ರ ಜನವರಿಯಲ್ಲಿ ಎಂಬತ್ತಾರನೆಯ ಸಾಹಿತ್ಯ ಸಮ್ಮೇಳನ ನಮ್ಮಲ್ಲಿ ನಡೆದಾಗ ಗಣ್ಯರ ಕೊರಳಿನ ಹಾರಗಳನ್ನು ಎಲ್ಲರೂ ತೆಗೆದರು. ಕಾಯಿಯನ್ನು ಒಂದೊಂದಾಗಿ ಪೋಣಿಸುವ ಬೆರಳನ್ನು ತೆಗೆಯಲು ಓಣಿಯೊಳಕ್ಕೆ ಹೋಗಬೇಕಾಗುತ್ತದೆ. ರಾಣೇಬೆನ್ನೂರಿನ ಅಭಯಾರಣ್ಯಕ್ಕೆ, 1974ರಲ್ಲಿ ಘೋಷಿತವಾದ ಆ 119 ಚದರ ಕಿಲೋಮೀಟರಿಗೆ, ಮೊಳದುದ್ದದ ಮಸೂರಗಳನ್ನು ಹೊತ್ತು ಕೃಷ್ಣಮೃಗಕ್ಕಾಗಿ ಬರುವವರಿದ್ದಾರೆ. ನಮ್ಮ ಕಡೆ ಅದನ್ನು ಚಿಗರಿ ಎನ್ನುತ್ತೇವೆ. ಕಾಡಿನಂಚಿನ ಹೊಲದಲ್ಲಿ ಚಿಗರಿ ಮೇಯ್ದು ಹೋದ ಬೆಳೆಯನ್ನು ನೋಡುತ್ತ ನಿಂತವನೂ ಅದೇ ಬೆಳಕಿನಲ್ಲಿಯೇ ನಿಂತಿರುತ್ತಾನೆ.

ಕಳೆದ ಮಾಗಿಯಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಬ್ಯಾಡಗಿಯ ಒಂದು ಅಂಗಳದಲ್ಲಿ ತೊಟ್ಟು ಬಿಡಿಸುವ ಹಿರಿಯ ಹೆಣ್ಣುಮಗಳೊಬ್ಬಳ ಕೈಗಳನ್ನು, ಅವಳ ಒಪ್ಪಿಗೆ ಕೇಳಿಯೇ, ತೆಗೆದಿದ್ದೆ. ನಾನು ತೆಗೆದವುಗಳಲ್ಲಿ ಅದೇ ಉತ್ತಮವೆಂದು ನನಗೆ ಹೆಮ್ಮೆಯಾಯಿತು. ಪ್ರತಿ ಮಾಡಿಸಿ ಒಯ್ದುಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ನನ್ನ ಮಾರಿ ಎಲ್ಲೈತ್ರಿ ಸರ? ಬರೇ ಕೈ ತಗದೀರಲ್ಲ!”

ಜೊತೆಯವರು ನಕ್ಕರು. ಮುಖವನ್ನೂ ತೆಗೆಯುತ್ತೇನೆಂದು ಹೇಳಿದಾಗ ಅವಳು ಎದ್ದು ಹೋಗಿ ಮುಖ ತೊಳೆದು, ಚೀಲದ ಮೇಲಿನ ಧೂಳು ಕೊಡವಿ, ಅದರ ಮೇಲೆ ನೆಟ್ಟಗೆ ಕುಳಿತಳು. ಸೆರಗು ಹೊದ್ದು ಎರಡೂ ಕೈಗಳನ್ನು ಒಳಗೆ ಮುಚ್ಚಿಕೊಂಡಳು. ಕೈ ಹೊರಗಿರಲಿ ಎಂದೆ. “ಬ್ಯಾಡ್ರಿ, ಕೈ ಚಂದಿಲ್ಲ” ಎಂದಳು. ನಾನು ಮತ್ತೆ ಒತ್ತಾಯಿಸಲಿಲ್ಲ. ಹೇಗೆ ಕುಳಿತಿದ್ದಳೋ ಹಾಗೆಯೇ ತೆಗೆದೆ.

ಮುಂದಿನ ವಾರ ಆ ಪ್ರತಿಯನ್ನು ಕೊಟ್ಟಾಗ ಅದನ್ನು ಎಲೆಯಡಿಕೆಯ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು, ಕೈಗಳ ಚಿತ್ರವನ್ನು ನನಗೇ ಹಿಂದಿರುಗಿಸಿದಳು. ಅದು ಈಗ ನಮ್ಮ ಮನೆಯ ಗೋಡೆಯ ಮೇಲೆ, ಅವ್ವನ ಚಿತ್ರದ ಪಕ್ಕದಲ್ಲಿದೆ.