ಒಂದು ಚಕ್ರ ಸುತ್ತುತ್ತದೆ, ಇನ್ನೊಂದು ಸುಮ್ಮನಿದೆ. ಏಕೆ?



ಮಳೆಗಾಲದಲ್ಲಿ ನಿಮ್ಮೂರಿನ ಮಣ್ಣಿನ ರಸ್ತೆಯಲ್ಲಿ ಪಿಕಪ್ ವಾಹನವೊಂದು ಕೆಸರಿನಲ್ಲಿ ಸಿಕ್ಕಿಕೊಂಡದ್ದನ್ನು ನೀವು ನೋಡಿರಬಹುದು. ಟೊಮೆಟೊ ಕ್ರೇಟುಗಳನ್ನೋ ಹಾಲಿನ ಕ್ಯಾನುಗಳನ್ನೋ ಹೇರಿಕೊಂಡು ಬಂದ ಗಾಡಿ. ಚಾಲಕ ಆಕ್ಸಿಲರೇಟರ್ ಒತ್ತುತ್ತಾನೆ. ಎಂಜಿನ್ ಅಬ್ಬರಿಸುತ್ತದೆ. ಗಾಡಿ ಮಾತ್ರ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಆಗ ಅದರ ಹಿಂದಿನ ಎರಡು ಚಕ್ರಗಳನ್ನು ಗಮನಿಸಿದ್ದೀರಾ? ಕೆಸರಿನಲ್ಲಿರುವ ಚಕ್ರ ಗಿರಗಿರನೆ ಸುತ್ತಿ ರಾಡಿ ಎರಚುತ್ತಿರುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಕಂಬದಂತೆ ನಿಂತಿರುತ್ತದೆ!

ಇದು ವಿಚಿತ್ರವಲ್ಲವೇ? ಗಾಡಿಯನ್ನು ಮುಂದಕ್ಕೆ ತಳ್ಳಬಲ್ಲದ್ದು ಗಟ್ಟಿ ನೆಲದ ಮೇಲಿರುವ ಚಕ್ರವೇ. ಆದರೆ ಅದು ತಿರುಗುವುದೇ ಇಲ್ಲ. ಕೈಲಾಗದ ಚಕ್ರ ಮಾತ್ರ ಸುತ್ತುತ್ತದೆ. ವಾಹನ ತಯಾರಿಸಿದವರಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಅವರಿಗೆ ತಿಳಿದಿತ್ತು. ಬೇರೊಂದು ತೊಂದರೆಯಿಂದ ಪಾರಾಗಲು ಅವರು ಬೇಕೆಂದೇ ಹೀಗೆ ಮಾಡಿದ್ದಾರೆ. ಮೊದಲು ಆ ತೊಂದರೆ ಯಾವುದೆಂದು ನೋಡೋಣ.

ನಾಲ್ಕೈದು ಗೆಳೆಯರು ಕೈಕೈ ಹಿಡಿದು ಸಾಲಾಗಿ ನಿಂತು, ಸಾಲು ಮುರಿಯದಂತೆ ಆಟದ ಮೈದಾನದಲ್ಲಿ ಒಂದು ಸುತ್ತು ತಿರುಗಿ. ಒಳತುದಿಯಲ್ಲಿರುವವನು ಮೆಲ್ಲಗೆ ಹೆಜ್ಜೆ ಹಾಕಿದರೆ ಸಾಕು. ಹೊರತುದಿಯವನು ಓಡಲೇಬೇಕು. ವಾಹನ ತಿರುವಿನಲ್ಲಿ ಹೋಗುವಾಗ ಅದರ ಎರಡು ಚಕ್ರಗಳ ಕತೆಯೂ ಇದೇ.

ಲೆಕ್ಕ ಮಾಡಿಯೇ ನೋಡೋಣ. ಒಂದು ಪಿಕಪ್‌ನ ಹಿಂದಿನ ಎರಡು ಚಕ್ರಗಳ ನಡುವಿನ ಅಂತರ 1.4 ಮೀಟರ್ ಎಂದಿಟ್ಟುಕೊಳ್ಳಿ. ಗಾಡಿ ಬಂದ ದಾರಿಗೆ ಹಿಂತಿರುಗಲು ಅರ್ಧ ವೃತ್ತ ಸುತ್ತುತ್ತದೆ. ಒಳಚಕ್ರದ ತ್ರಿಜ್ಯ 5 ಮೀಟರ್ ಆದರೆ ಅದು ಸಾಗುವ ದೂರ 3.14 × 5 = 15.7 ಮೀಟರ್. ಹೊರಚಕ್ರದ ತ್ರಿಜ್ಯ 6.4 ಮೀಟರ್. ಅದು ಸಾಗುವ ದೂರ ಸುಮಾರು 20.1 ಮೀಟರ್. ವ್ಯತ್ಯಾಸ 4.4 ಮೀಟರ್. ಚಕ್ರದ ಸುತ್ತಳತೆ 2.2 ಮೀಟರ್ ಇದ್ದರೆ, ಹೊರಚಕ್ರವು ಒಳಚಕ್ರಕ್ಕಿಂತ ಸರಿಯಾಗಿ 2 ಸುತ್ತು ಹೆಚ್ಚು ತಿರುಗಬೇಕು. (ತ್ರಿಜ್ಯ 5ರ ಬದಲು 10 ಮೀಟರ್ ಎಂದು ಲೆಕ್ಕ ಮಾಡಿ. ವ್ಯತ್ಯಾಸ ಎಷ್ಟು ಬರುತ್ತದೆ? ಉತ್ತರ ನೋಡಿ ನಿಮಗೆ ಅಚ್ಚರಿಯಾಗುತ್ತದೆ.)

ಎತ್ತಿನ ಗಾಡಿಗೆ ಈ ತೊಂದರೆ ಇಲ್ಲ. ಅದರ ಅಚ್ಚು ತಿರುಗುವುದಿಲ್ಲ, ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಎಳೆಯುವ ಕೆಲಸ ಎತ್ತುಗಳದ್ದು. ಆದರೆ ಪಿಕಪ್‌ನಲ್ಲಿ ಎಂಜಿನ್ನು ಚಕ್ರಗಳನ್ನೇ ತಿರುಗಿಸಬೇಕು. ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬಿಗಿದುಬಿಟ್ಟರೆ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಆಗ ಪ್ರತಿ ತಿರುವಿನಲ್ಲೂ ಒಂದು ಟೈರು ರಸ್ತೆಯ ಮೇಲೆ ಉಜ್ಜಿಕೊಂಡು ಹೋಗಬೇಕಾಗುತ್ತದೆ. ಟೈರು ಸವೆಯುತ್ತದೆ, ಗಾಡಿ ತಿರುಗಲು ಒಪ್ಪುವುದಿಲ್ಲ.

ಎರಡು ಚಕ್ರಗಳಿಗೂ ಶಕ್ತಿ ಕೊಡಬೇಕು, ಆದರೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡಬೇಕು. ಈ ಎರಡೂ ಕೆಲಸ ಮಾಡುವ ಹಲ್ಲುಚಕ್ರಗಳ ಜೋಡಣೆಗೆ ಡಿಫರೆನ್ಷಿಯಲ್ ಎಂದು ಹೆಸರು. ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ಎಂಬಾತ 1820ರ ದಶಕದ ಕೊನೆಯಲ್ಲಿ ಉಗಿಬಂಡಿಗೆಂದು ಇದಕ್ಕೆ ಪೇಟೆಂಟ್ ಪಡೆದ. ಆತ ಗಡಿಯಾರ ತಯಾರಕ! ಸಣ್ಣ ಹಲ್ಲುಚಕ್ರಗಳ ಜೊತೆ ದಿನವೂ ಕೆಲಸ ಮಾಡುತ್ತಿದ್ದವನಿಗೆ ಈ ಉಪಾಯ ಹೊಳೆದದ್ದು ಸಹಜವೇ.

ನಿಂತಿರುವ ಪಿಕಪ್ ಅಥವಾ ಲಾರಿಯ ಹಿಂಭಾಗದಿಂದ ಸ್ವಲ್ಪ ಬಗ್ಗಿ ನೋಡಿ. ಹಿಂದಿನ ಅಚ್ಚಿನ ಮಧ್ಯದಲ್ಲಿ ಕುಂಬಳಕಾಯಿಯಂತಹ ಉಬ್ಬು ಕಾಣುತ್ತದೆ. ಡಿಫರೆನ್ಷಿಯಲ್ ಇರುವುದು ಅದರೊಳಗೆ. ಎಂಜಿನ್ ಕಡೆಯಿಂದ ಉದ್ದನೆಯ ಶಾಫ್ಟ್ ಬಂದು ಅಲ್ಲಿಗೆ ಸೇರುತ್ತದೆ. ಶಾಫ್ಟಿನ ತುದಿಯ ಪುಟ್ಟ ಹಲ್ಲುಚಕ್ರ, ಅಂದರೆ ಪಿನಿಯನ್, ಒಂದು ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಅದಕ್ಕೆ ಕ್ರೌನ್ ಎನ್ನುತ್ತಾರೆ. ಕ್ರೌನಿಗೆ ಒಂದು ಗೂಡನ್ನು ಬಿಗಿದಿರುತ್ತಾರೆ. ಗೂಡಿನೊಳಗೆ ಎರಡು ಅಥವಾ ನಾಲ್ಕು ಚಿಕ್ಕ ಹಲ್ಲುಚಕ್ರಗಳಿವೆ. ನಮ್ಮ ಮೆಕ್ಯಾನಿಕ್‌ಗಳು ಇವನ್ನು ಸ್ಟಾರ್ ಗೇರ್ ಎನ್ನುತ್ತಾರೆ. ಇವುಗಳ ಎಡಬಲಕ್ಕೆ ಒಂದೊಂದು ಸನ್ ಗೇರ್. ಎಡದ ಸನ್ ಗೇರಿಗೆ ಎಡಚಕ್ರದ ಅಚ್ಚು, ಬಲದ್ದಕ್ಕೆ ಬಲಚಕ್ರದ ಅಚ್ಚು ಸೇರಿದೆ. ಅಂದರೆ ಹಿಂದಿನ ಅಚ್ಚು ಒಂದೇ ಸರಳಲ್ಲ, ಎರಡು ತುಂಡು!

ಇಷ್ಟು ಓದಿ ತಲೆ ತಿರುಗಿತೇ? ಹಲ್ಲುಚಕ್ರಗಳನ್ನು ಬದಿಗಿಡಿ. ಬಾವಿಯ ರಾಟೆ ಗೊತ್ತಲ್ಲ? ಕೆಲವು ಕಡೆ ಗಡಗಡೆ ಎನ್ನುತ್ತಾರೆ. ಅದೇ ಸಾಕು.

ಮಾಡಿ ನೋಡಿ: ಕೊಕ್ಕೆ ಇರುವ ಒಂದು ಚಿಕ್ಕ ರಾಟೆಯ ಮೇಲೆ ಹಗ್ಗ ಹಾಯಿಸಿ. ಹಗ್ಗದ ಎರಡು ತುದಿಗಳನ್ನು ಅಕ್ಕಪಕ್ಕ ನಿಂತ ಇಬ್ಬರು ಗೆಳೆಯರು ಹಿಡಿದುಕೊಳ್ಳಲಿ. ನೀವು ಮುಂದೆ ನಿಂತು ಕೊಕ್ಕೆಯನ್ನು ಹಿಡಿದು ಎಳೆಯಿರಿ. ಬೆರಳು ರಾಟೆಗೆ ಸಿಗದಂತೆ ಎಚ್ಚರವಿರಲಿ. ಇಲ್ಲಿ ನೀವೇ ಎಂಜಿನ್, ರಾಟೆಯೇ ಸ್ಟಾರ್ ಗೇರ್, ಇಬ್ಬರು ಗೆಳೆಯರೇ ಎರಡು ಚಕ್ರಗಳು.

ಇಬ್ಬರೂ ಸಮನಾಗಿ ಬಂದರೆ ರಾಟೆ ಮುಂದೆ ಸಾಗುತ್ತದೆಯೇ ಹೊರತು ತಿರುಗುವುದಿಲ್ಲ. ಇದು ನೇರ ರಸ್ತೆ. ಒಬ್ಬ ನಿಧಾನ ಮಾಡಿದರೆ ಇನ್ನೊಬ್ಬ ಅಷ್ಟೇ ಬೇಗ ಬರಬೇಕಾಗುತ್ತದೆ. ರಾಟೆ ತಿರುಗಿ ಹಗ್ಗವನ್ನು ಹಂಚಿಕೊಡುತ್ತದೆ. ಇದು ತಿರುವು. ಒಬ್ಬ ಪೂರ್ತಿ ನಿಂತುಬಿಟ್ಟರೆ? ನೀವು 1 ಮೀಟರ್ ಮುಂದೆ ಹೋದಾಗ ಇನ್ನೊಂದು ತುದಿ 2 ಮೀಟರ್ ಬರುತ್ತದೆ. ಅಳೆದು ನೋಡಿ.

ಈಗ ಮುಖ್ಯವಾದ ಹಂತ. ಒಬ್ಬ ಹಗ್ಗವನ್ನು ಗಟ್ಟಿಯಾಗಿ ಹಿಡಿದಿರಲಿ. ಇನ್ನೊಬ್ಬ ಸಡಿಲ ಬಿಡಲಿ. ನೀವು ಎಳೆಯಿರಿ. ಗಟ್ಟಿಯಾಗಿ ಹಿಡಿದವನು ಕದಲುತ್ತಾನೆಯೇ? ಇಲ್ಲ. ಅವನ ಕೈಗೆ ಎಳೆತವೇ ತಿಳಿಯುವುದಿಲ್ಲ. ಸಡಿಲ ಬಿಟ್ಟ ಹಗ್ಗ ಸರ್ರನೆ ಓಡಿಬರುತ್ತದೆ, ಅಷ್ಟೇ. ಏಕೆಂದರೆ ರಾಟೆಯ ಎರಡು ಕಡೆಯ ಹಗ್ಗದಲ್ಲೂ ಎಳೆತ ಸಮನಾಗಿರುತ್ತದೆ. ಒಂದು ಕಡೆ ಸೊನ್ನೆಯಾದರೆ ಇನ್ನೊಂದು ಕಡೆಯೂ ಸೊನ್ನೆ!

ಕೆಸರಿನಲ್ಲಿ ನಡೆಯುವುದು ಇದೇ. ಶಕ್ತಿಯೆಲ್ಲ ಜಾರುವ ಚಕ್ರಕ್ಕೆ ಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ಮಾತನ್ನು ಸ್ವಲ್ಪ ತಿದ್ದಿಕೊಂಡರೆ ಒಳ್ಳೆಯದು. ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಬಲವನ್ನು ಸಮನಾಗಿಯೇ ಹಂಚುತ್ತದೆ. ಜಾರುವ ಚಕ್ರ ಎಷ್ಟು ತಡೆಯಬಲ್ಲದೋ ಅಷ್ಟೇ ಬಲ ಇನ್ನೊಂದಕ್ಕೂ ಸಿಗುತ್ತದೆ. ಉದಾಹರಣೆಗೆ, ಗಾಡಿ ಹೊರಬರಲು 1000 ನ್ಯೂಟನ್ ಬಲ ಬೇಕು ಎನ್ನಿ. ಕೆಸರಿನಲ್ಲಿ ಚಕ್ರಕ್ಕೆ ಸಿಗುವ ಘರ್ಷಣೆ 200 ನ್ಯೂಟನ್ ಮಾತ್ರ. ಆಗ ಗಟ್ಟಿ ನೆಲದ ಚಕ್ರಕ್ಕೂ 200. ಒಟ್ಟು 400 ನ್ಯೂಟನ್. ಎಂಜಿನ್ ಎಷ್ಟೇ ದೊಡ್ಡದಿರಲಿ, ಇದಕ್ಕಿಂತ ಹೆಚ್ಚು ಸಿಗದು.

ಇದಕ್ಕೆ ಪರಿಹಾರವೇನು? ರಾಟೆಗೆ ಹಿಂತಿರುಗಿ. ಎರಡು ಕಡೆಯ ಹಗ್ಗವನ್ನೂ ರಾಟೆಯ ಚೌಕಟ್ಟಿಗೆ ಬಿಗಿಯಾಗಿ ಕಟ್ಟಿಬಿಡಿ. ಈಗ ಒಬ್ಬ ಸಡಿಲ ಬಿಟ್ಟರೂ ಇನ್ನೊಬ್ಬ ಎಳೆತಕ್ಕೆ ಸಿಕ್ಕೇ ಸಿಗುತ್ತಾನೆ. ರಾಟೆಯ ಕೆಲಸ ನಿಂತಿತು, ಹಗ್ಗ ಸರಳಿನಂತಾಯಿತು. ಇದೇ ಡಿಫರೆನ್ಷಿಯಲ್ ಲಾಕ್, ಅಂದರೆ ಡಿಫರೆನ್ಷಿಯಲ್‌ನ ಬೀಗ.

ಗಾಡಿಯಲ್ಲಿ ಬೀಗ ಹಾಕುವುದು ಹೀಗೆ: ಒಂದು ಕಡೆಯ ಅಚ್ಚಿನ ಮೇಲೆ ಹಲ್ಲುಗಳಿರುವ ಉಂಗುರವೊಂದು ಜಾರಿ ಬಂದು ಗೂಡಿನ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ. ಆಗ ಆ ಕಡೆಯ ಸನ್ ಗೇರ್ ಮತ್ತು ಗೂಡು ಒಂದಾಗುತ್ತವೆ. ಬೀಗ ಒಂದೇ ಕಡೆಗೆ ಹಾಕಿದರೆ ಸಾಕೇ? ಸಾಕು. ಒಂದು ಸನ್ ಗೇರ್ ಗೂಡಿನ ಜೊತೆಗೇ ತಿರುಗಿದರೆ, ನಡುವಿನ ಸ್ಟಾರ್ ಗೇರುಗಳು ತಮ್ಮ ಸುತ್ತ ತಿರುಗಲಾರವು. ಅವು ತಿರುಗದಿದ್ದರೆ ಇನ್ನೊಂದು ಸನ್ ಗೇರೂ ಗೂಡಿನ ಜೊತೆಗೇ ಬರಬೇಕು. ಈಗ ಕೆಸರಿನ ಚಕ್ರ 200 ನ್ಯೂಟನ್ ಕೊಟ್ಟರೂ ಗಟ್ಟಿ ನೆಲದ ಚಕ್ರ ಉಳಿದ 800 ನ್ಯೂಟನ್ ಕೊಡಬಲ್ಲದು. ಗಾಡಿ ಮೇಲೆ ಬರುತ್ತದೆ.

ಈ ಬೀಗವನ್ನು ನೋಡಲು ದೂರ ಹೋಗಬೇಕಿಲ್ಲ. ನಿಮ್ಮೂರಿನ ಟ್ರ್ಯಾಕ್ಟರ್ ಚಾಲಕರನ್ನು ಕೇಳಿ. ಸೀಟಿನ ಬಳಿ ಕಾಲಿನಿಂದ ಒತ್ತುವ ಚಿಕ್ಕ ಪೆಡಲನ್ನು ಅವರು ತೋರಿಸುತ್ತಾರೆ. ಗದ್ದೆಯಲ್ಲಿ ಒಂದು ಚಕ್ರ ಜಾರತೊಡಗಿದಾಗ ಅದನ್ನು ತುಳಿಯುತ್ತಾರೆ. ಪಿಕಪ್‌ಗಳಲ್ಲಿ ಎಲ್ಲದಕ್ಕೂ ಈ ಬೀಗ ಇರುವುದಿಲ್ಲ. 2022ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್ ಪಿಕಪ್‌ನಲ್ಲಿ ಚಾಲಕ ಗುಂಡಿ ಒತ್ತಿದರೆ ವಿದ್ಯುತ್ತಿನಿಂದ ಬೀಗ ಬೀಳುತ್ತದೆ.

ಚಾಲಕನನ್ನು ಕೇಳದೆ ತಾನಾಗಿಯೇ ಬೀಳುವ ಬೀಗವೂ ಉಂಟು. ನನಗಂತೂ ಇದೇ ಹೆಚ್ಚು ಇಷ್ಟ. ಅಮೆರಿಕದ ಈಟನ್ ಕಂಪನಿ ಇದನ್ನು ತಯಾರಿಸಿತು. 1973ರಿಂದ ಅಲ್ಲಿನ ಜನರಲ್ ಮೋಟಾರ್ಸ್ ಪಿಕಪ್‌ಗಳಲ್ಲಿ ಬಂತು. ಜಾತ್ರೆಯಲ್ಲಿ ಸರಪಳಿಗೆ ಕಟ್ಟಿದ ಕುರ್ಚಿಗಳು ಸುತ್ತುವ ಆಟ ನೋಡಿದ್ದೀರಲ್ಲ? ವೇಗ ಹೆಚ್ಚಿದಂತೆ ಕುರ್ಚಿಗಳು ಹೊರಕ್ಕೆ ಚಾಚುತ್ತವೆ. ಈ ಡಿಫರೆನ್ಷಿಯಲ್‌ನೊಳಗೂ ಅಂತಹ ಪುಟ್ಟ ತೂಕಗಳಿವೆ. ಒಂದು ಚಕ್ರ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಹೆಚ್ಚು ತಿರುಗಿದಾಗ ತೂಕಗಳು ಹೊರಕ್ಕೆ ಚಾಚಿ ಒಂದು ಕೊಂಡಿಗೆ ಸಿಕ್ಕಿಕೊಳ್ಳುತ್ತವೆ. ಆಗ ತಟ್ಟೆಗಳು ಒಂದಕ್ಕೊಂದು ಅದುಮಿಕೊಂಡು ಬೀಗ ಬೀಳುತ್ತದೆ. ತಿರುವಿನಲ್ಲಿ ವ್ಯತ್ಯಾಸ ಇಷ್ಟಾಗುವುದಿಲ್ಲ. ಆದ್ದರಿಂದ ತಿರುವು ಯಾವುದು, ಜಾರಿಕೆ ಯಾವುದು ಎಂದು ಆ ಪುಟ್ಟ ತೂಕಗಳೇ ಗುರುತಿಸುತ್ತವೆ! ಗಾಡಿಯ ವೇಗ ಗಂಟೆಗೆ ಸುಮಾರು 32 ಕಿಲೋಮೀಟರ್ ದಾಟಿದರೆ ಬೀಗ ಬೀಳದಂತೆಯೂ ಏರ್ಪಾಡಿದೆ. 2020ರ ಮಹೀಂದ್ರ ಥಾರ್ ಜೀಪಿನಲ್ಲೂ ಹೀಗೆ ತಾನಾಗಿ ಬೀಳುವ ಬೀಗವಿತ್ತು.

ಬೀಗ ಅಷ್ಟು ಒಳ್ಳೆಯದಾದರೆ ಯಾವಾಗಲೂ ಹಾಕಿಯೇ ಇಡಬಾರದೇಕೆ? ಮೇಲಿನ ತಿರುವಿನ ಲೆಕ್ಕ ನೆನಪು ಮಾಡಿಕೊಳ್ಳಿ. ಬೀಗ ಹಾಕಿ ಟಾರು ರಸ್ತೆಯಲ್ಲಿ ತಿರುಗಿಸಲು ಹೋದರೆ ಗಾಡಿ ನೇರವಾಗಿಯೇ ಹೋಗಲು ನೋಡುತ್ತದೆ. ಟ್ರ್ಯಾಕ್ಟರಿನಲ್ಲಿ ಇದು ಅಪಾಯಕ್ಕೂ ಕಾರಣವಾಗಬಹುದು. ಚಕ್ರ ಜೋರಾಗಿ ಸುತ್ತುತ್ತಿರುವಾಗ ಪೆಡಲ್ ತುಳಿದರೆ ಹಲ್ಲುಗಳೇ ಮುರಿದಾವು. ಎರಡು ಚಕ್ರಗಳೂ ಜಾರುವ ಕೆಸರಿನಲ್ಲಿದ್ದರೆ ಬೀಗದಿಂದ ಪ್ರಯೋಜನವಿಲ್ಲ.

ಬೀಗವಿಲ್ಲದ ಗಾಡಿ ಸಿಕ್ಕಿಕೊಂಡಾಗ ನಮ್ಮ ಜನ ಚಕ್ರದ ಕೆಳಗೆ ಕಲ್ಲು, ಸೊಪ್ಪು, ಗೋಣಿಚೀಲ ಹಾಕುತ್ತಾರೆ. ಯಾವ ಚಕ್ರದ ಕೆಳಗೆ ಹಾಕಬೇಕು? ಜಾರುವ ಚಕ್ರದ ಕೆಳಗೆ. ಅದರ ಹಿಡಿತ 200ರಿಂದ 500 ನ್ಯೂಟನ್‌ಗೆ ಏರಿದರೆ ಇನ್ನೊಂದರ ಪಾಲೂ ತಾನಾಗಿ 500ಕ್ಕೆ ಏರುತ್ತದೆ. ಒಂದು ಕಡೆ ಹಾಕಿದ ಸೊಪ್ಪು ಎರಡು ಕಡೆಗೂ ಕೆಲಸ ಮಾಡಿತು! ಟ್ರ್ಯಾಕ್ಟರಿನವರಿಗೆ ಇನ್ನೊಂದು ದಾರಿಯಿದೆ. ಎಡಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುವುದರಿಂದ, ಜಾರುವ ಚಕ್ರಕ್ಕಷ್ಟೇ ಮೆಲ್ಲಗೆ ಬ್ರೇಕ್ ಹಾಕುತ್ತಾರೆ.

ಆದರೆ ಒಂದು ವಿಷಯ ಚೆನ್ನಾಗಿ ನೆನಪಿಡಿ. ಗಾಡಿ ಸಿಕ್ಕಿಕೊಂಡ ಕಡೆ ಮಕ್ಕಳು ಸೇರುತ್ತೀರಿ, ತಳ್ಳಲೂ ಹೋಗುತ್ತೀರಿ. ಒಂದು ಚಕ್ರ ನಿಂತಿದ್ದರೆ ಇನ್ನೊಂದು ಎರಡು ಪಟ್ಟು ವೇಗದಲ್ಲಿ ಸುತ್ತುತ್ತದೆ ಎಂದು ರಾಟೆಯಲ್ಲಿ ಅಳೆದಿರಿ. ಬಹಳಷ್ಟು ಹಳೆಯ ಗಾಡಿಗಳ ಸ್ಪೀಡೋಮೀಟರ್ ಎಂಜಿನ್ ಕಡೆಯ ಶಾಫ್ಟಿನ ವೇಗವನ್ನು ಅಳೆಯುತ್ತದೆ. ಅದು 40 ತೋರಿಸುವಾಗ ಕೆಸರಿನ ಚಕ್ರ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ಕೆಳಗಿಟ್ಟ ಕಲ್ಲು ಹಿಂದಕ್ಕೆ ಸಿಡಿಯಬಹುದು. ಸುತ್ತುವ ಚಕ್ರಕ್ಕೆ ಹಿಡಿತ ಸಿಕ್ಕಿಬಿಟ್ಟರೆ ಗಾಡಿ ಒಮ್ಮೆಲೇ ನುಗ್ಗಬಹುದು. ಚಕ್ರ ಸುತ್ತುವಾಗ ಅದರ ನೇರಕ್ಕೆ ಮುಂದೆಯಾಗಲಿ ಹಿಂದೆಯಾಗಲಿ ನಿಲ್ಲಬೇಡಿ. ಕಲ್ಲು, ಸೊಪ್ಪು ಹಾಕುವ ಕೆಲಸ ದೊಡ್ಡವರದು, ಅದೂ ಎಂಜಿನ್ ನಿಲ್ಲಿಸಿದ ಮೇಲೆ.

ಕೊನೆಗೆ ನಿಮಗೊಂದು ಪ್ರಶ್ನೆ. ಗ್ಯಾರೇಜಿನಲ್ಲಿ ಬೀಗವಿಲ್ಲದ ಪಿಕಪ್‌ನ ಹಿಂದಿನ ಎರಡು ಚಕ್ರಗಳನ್ನೂ ಜ್ಯಾಕಿನಿಂದ ಮೇಲೆತ್ತಿದ್ದಾರೆ. ಎಂಜಿನ್ ನಿಂತಿದೆ, ಗಾಡಿ ಗೇರಿನಲ್ಲಿದೆ. ಆದ್ದರಿಂದ ಕ್ರೌನ್ ತಿರುಗಲಾರದು. ಮೆಕ್ಯಾನಿಕ್ ಕೈಯಿಂದ ಎಡಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಬಲಚಕ್ರ ಹಿಂದಕ್ಕೆ ತಿರುಗುತ್ತದೆ! ಹೀಗೇಕೆ? ರಾಟೆಯ ಕೊಕ್ಕೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಹಗ್ಗದ ಒಂದು ತುದಿಯನ್ನು ಎಳೆದು ನೋಡಿ, ಉತ್ತರ ಬರೆಯಿರಿ.